ಸೆಕ್ರೆಟ್ರಿಗಳ ಗಿಣ್ಣಿನ ಡಬ್ಬಿ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಒಂದು ಬಟ್ಟಲು ಚಾಚಿ, "ತಗೊಳ್ರೀ, ಊರಲ್ಲಿ ನಮ್ಮಣ್ಣನ ಹಸು ಕರು ಹಾಕಿದೆ, ಗಿಣ್ಣು ಮಾಡಿದ್ದೆ" ಎಂದರು. ಬೆಲ್ಲ, ಏಲಕ್ಕಿ, ಅದರ ಹಿಂದಿನಿಂದ ಹೊಸ ಹಾಲಿನ ಆ ಒಂದು ಥರದ ವಾಸನೆ. ಇನ್ನೂ ಬೆಚ್ಚಗಿತ್ತು. ಬಟ್ಟಲು ಹಿಡಿದುಕೊಂಡು ಅಡುಗೆಮನೆಯಲ್ಲಿ ಹಾಗೇ ನಿಂತುಬಿಟ್ಟೆ. ನಾನು ತಿನ್ನಲಿಲ್ಲ. ಮಕ್ಕಳು ತಿಂದರು. ಬಟ್ಟಲು ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ ಕೊಟ್ಟೆ. ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದನ್ನು ನಮ್ಮ ಮಾಲೂರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ನನ್ನ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇನ್ನೊಂದು ಡಬ್ಬಿಯಿದೆ. ಸ್ಟೀಲಿನದು, ಸಣ್ಣದು. ಮುಚ್ಚಳದ ಮೇಲೆ ಒಬ್ಬ ಹೆಂಗಸಿನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ. ಆ ಹೆಸರು ನನ್ನದಲ್ಲ. ಆ ಡಬ್ಬಿಯನ್ನು ವಾಪಸ್ ಕೊಡದೆ ವರ್ಷಗಳೇ ಆದವು.

ಆಗ ನಾನು ಕೋಲಾರದ ಹೊರವಲಯದ ಒಂದು ವೈದ್ಯಕೀಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಯಾವ ತಂಡ ಯಾವ ದಿನ ಯಾವ ಊರಿಗೆ ಹೋಗಬೇಕು, ದೊಡ್ಡವರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು, ಸಲಹಾ ಸಮಿತಿಯ ಸಭೆ ಯಾವತ್ತು, ಯಾರ ಪಕ್ಕ ಯಾರು ಕೂರಬೇಕು, ಊಟಕ್ಕೆ ಏನು... ಇದೆಲ್ಲ ನನ್ನ ಪಾಲಿಗೆ. ವರ್ಷ ವರ್ಷ ಸಹಿ ಹಾಕಿಸಿಕೊಂಡು ಉಳಿಯಬೇಕಾದ ಗುತ್ತಿಗೆ ಕೆಲಸ. ನನ್ನ ಕಂಪ್ಯೂಟರಿನಲ್ಲಿ ಬಣ್ಣದ ಪಟ್ಟಿಯೊಂದಿತ್ತು. ಮುಳಬಾಗಿಲಿಗೆ ಹಳದಿ, ಶ್ರೀನಿವಾಸಪುರಕ್ಕೆ ಹಸಿರು. ಅದನ್ನು ನೋಡಿಕೊಂಡು ಇಡೀ ಜಿಲ್ಲೆ ನನ್ನ ಅಂಗೈಯಲ್ಲಿದೆ ಅಂದುಕೊಂಡಿದ್ದೆ. ಕೊಬ್ಬು, ಇನ್ನೇನು.

ಕುಡಿಯುವ ನೀರಿಗೂ ಜನರ ಮೂಳೆ, ಕಿಡ್ನಿಗಳಿಗೂ ಏನು ನಂಟು ಎಂದು ಕೇಂದ್ರದವರು ನೋಡುತ್ತಿದ್ದರು. ಅದಕ್ಕೆ ಊರೂರಿನ ಜನರ ರಕ್ತ ಬೇಕಿತ್ತು. ಗೌನಿಪಲ್ಲಿಯಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಒಂದು ಊರಿಗೆ ನಮ್ಮ ತಂಡ ಎರಡು ಸಲ ಹೋಗಿ ಬರಿಗೈಯಲ್ಲಿ ಬಂತು. ಮನೆಗಳಿಗೆ ಬೀಗ, ಜನವೆಲ್ಲ ತೋಟದಲ್ಲಿ. ಮೂರನೆಯ ಸಲಕ್ಕೆ ನಾನು ಶುಕ್ರವಾರ ಗೊತ್ತುಮಾಡಿದೆ. ಆಗ ಬಂತು ಆ ಊರಿನ ಹಾಲಿನ ಡೇರಿ ಸೆಕ್ರೆಟರಿಯ ಫೋನು.

"ಶುಕ್ರವಾರ ಪಕ್ಕದ್ಮನೆಗೆ ಹೆಪ್ಪು ಹಾಕೋಕೆ ಮಜ್ಜಿಗೆ ಕೂಡ ಕೊಡಲ್ಲ ನಮ್ಮೂರ ಹೆಂಗಸ್ರು. ರಕ್ತ ಕೊಡ್ತಾರಾ? ಯಾರು ತಲ್ಲೀ ನಿಂಗೆ ಈ ಪ್ಲಾನ್ ಹಾಕ್ಕೊಟ್ಟಿದ್ದು?"

ನಾನೇ ಹಾಕಿದ್ದು ಎಂದೆ. ಜೋರಾಗಿ ನಕ್ಕರು. ಅವರದು ಅರ್ಧ ತೆಲುಗು ಬೆರೆತ ಕನ್ನಡ. ಮಗಳ ವಯಸ್ಸಿನವಳಾದ ನನ್ನನ್ನು ಆ ಮೊದಲ ಫೋನಿನಿಂದಲೇ 'ತಲ್ಲೀ' ಎಂದರು, ನಾವು 'ಅಮ್ಮಾ' ಅನ್ನುವ ಹಾಗೆ. ಬುಧವಾರ ಇಟ್ಟುಕೊಳ್ಳಿ, ಬೆಳಿಗ್ಗೆ ಆರಕ್ಕೆ ಡೇರಿ ಬಾಗಿಲಿಗೇ ಬನ್ನಿ, ಹಾಲು ಹಾಕೋಕೆ ಊರೇ ಬರುತ್ತೆ, ಮನೆ ಮನೆ ಯಾಕೆ ಸುತ್ತುತ್ತೀರಿ ಎಂದರು. ಬಣ್ಣದ ಪಟ್ಟಿಯಲ್ಲಿ ನನಗೆ ಹೊಳೆಯದೇ ಹೋದದ್ದು ಇಷ್ಟೇ.

ಆ ಬುಧವಾರ ನಾನೂ ಜೀಪಿನಲ್ಲಿ ಹೋಗಿದ್ದೆ. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಊರೆಲ್ಲ ಅವರನ್ನು ಸೆಕ್ರೆಟ್ರಿ ಅನ್ನುತ್ತಿತ್ತು. ನಾನು ಕೊನೆಯವರೆಗೂ ಸೆಕ್ರೆಟ್ರಿಗಳೇ ಎಂದೇ ಕರೆದೆ. ಜನ ಹಾಲಿನ ಕ್ಯಾನು ಹಿಡಿದು ನಿಂತಿದ್ದರು, ಸೂಜಿ ನೋಡಿ ಒಬ್ಬರೂ ಮುಂದೆ ಬರಲಿಲ್ಲ. ಒಬ್ಬ ಅಜ್ಜಿ, "ತಗೊಂಡೋಗಿ ಏನ್ ಮಾಡ್ತಾರೋ, ಯಾರಿಗ್ ಗೊತ್ತು" ಎಂದು ಗೊಣಗಿತು. ಸೆಕ್ರೆಟ್ರಿಗಳು ಫ್ಯಾಟ್ ನೋಡುವ ಮಿಷಿನ್ನು ಬಿಟ್ಟು ಎದ್ದು ಬಂದು ಬೆಂಚಿನ ಮೇಲೆ ಕೂತು ತೋಳು ಚಾಚಿದರು.

"ಮೊದ್ಲು ನಂದು ತಗೊಳ್ಳಿ" ಎಂದರು. ಆಮೇಲೆ ಜನರ ಕಡೆ ತಿರುಗಿ, "ಇದ್ರಲ್ಲಿ ಏನೈತೆ ಅಂತ ಇವ್ರೇ ಬಂದು ನಿಮ್ಗೆ ಹೇಳ್ತಾರೆ. ಹೇಳ್ಲಿಲ್ಲ ಅಂದ್ರೆ ನನ್ನನ್ನ ಕೇಳ್ರಪ್ಪಾ. ನಾನಿದೀನಲ್ಲ" ಎಂದರು.

ಒಂದನೇ ನಂಬರಿನ ಸೀಸೆ ಅವರದಾಯಿತು. ಆಮೇಲೆ ಸಾಲು ಶಾಲೆಯ ಗೇಟಿನವರೆಗೆ ಬೆಳೆಯಿತು. ಆ ಅಜ್ಜಿಯೂ ಕೊಟ್ಟಿತು.

ಸಲಹಾ ಸಮಿತಿಯಲ್ಲಿ ಜನರ ಕಡೆಯವರೊಬ್ಬರು ಇರಲೇಬೇಕು ಎಂಬ ನಿಯಮವಿತ್ತು. "ಯಾರಾದ್ರೂ ಊರಿನವರ ಹೆಸರು ಹಾಕಮ್ಮ" ಎಂದರು ನಮ್ಮ ನಿರ್ದೇಶಕರು. ನಾನು ಸೆಕ್ರೆಟ್ರಿಗಳ ಹೆಸರು ಹಾಕಿದೆ. ಬೆಳಗಿನ ಹಾಲು ಮುಗಿಸಿ, ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆಲ್ಲ ಬಂದು ಕೂತಿರುತ್ತಿದ್ದರು. ಬೆಂಗಳೂರಿನ ಡಾಕ್ಟರುಗಳು ಬರುವಾಗ ಹನ್ನೆರಡು. ಸೆಕ್ರೆಟ್ರಿಗಳದೊಂದೇ ವಿಷಯ: ತೆಗೆದುಕೊಂಡ ರಕ್ತದಲ್ಲಿ ಏನು ಸಿಕ್ಕಿತು ಅಂತ ಊರಿಗೆ ಬಂದು ಹೇಳಬೇಕು. ಸಭೆಯ ವಿಷಯಗಳ ಪಟ್ಟಿಯಲ್ಲಿ ಅದು ಒಂಬತ್ತನೆಯದು, ಕಟ್ಟಕಡೆಯದು. ಮಧ್ಯಾಹ್ನ ಎರಡಾಗುತ್ತಿದ್ದ ಹಾಗೆ ಅವರು ಎದ್ದು ಎಲ್ಲರಿಗೂ ಕೈಮುಗಿದು ಹೊರಟುಬಿಡಬೇಕು. ಡೇರಿಯ ಬೀಗದ ಕೈ ಅವರ ಜೇಬಿನಲ್ಲಿರುತ್ತಿತ್ತಲ್ಲ, ಸಂಜೆ ಹಾಲಿನ ಹೊತ್ತಿಗೆ ಕ್ಯಾನು ಹಿಡಿದ ಜನ ಬಾಗಿಲಲ್ಲಿ ಕಾಯುತ್ತಾರೆ. ಆ ಒಂಬತ್ತನ್ನು ಒಂದು ಮಾಡುವುದು ನನ್ನ ಕೈಯಲ್ಲಿ ಎರಡು ನಿಮಿಷದ ಕೆಲಸ. ಒಂದು ಸಲ ನಿರ್ದೇಶಕರನ್ನು ಕೇಳಿದೆ. "ಮುಂದಿನ ಸಲ ನೋಡೋಣ" ಎಂದರು. ಆ ತಿಂಗಳು ನನ್ನ ಗುತ್ತಿಗೆಗೆ ಸಹಿ ಆಗಬೇಕಿತ್ತು. ಸುಮ್ಮನಾದೆ.

ಮೇಜಿನ ಕೊನೆಯ ಕುರ್ಚಿ ಅವರದು. ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಪೆನ್ನು ಬಿದ್ದಿತೆಂದು ಬಗ್ಗಿದಾಗ ನೋಡಿದೆ, ಪಾದ ಊದಿಕೊಂಡಿದ್ದವು. ಕೇಳಿದರೆ, "ಬಸ್ಸಲ್ಲಿ ನಿಂತ್ಕೊಂಡು ಬಂದೆ ತಲ್ಲೀ, ಅದಕ್ಕೇ" ಎಂದರು. ನಂಬಿದೆ. ಆ ಕೋಣೆಯಲ್ಲಿ ಏಳು ಜನ ಡಾಕ್ಟರುಗಳಿದ್ದರು. ಅವರಲ್ಲಿ ಯಾರೂ ಮೇಜಿನ ಕೆಳಗೆ ನೋಡಲಿಲ್ಲ.

ಒಂದೇ ಒಂದು ಸಲ ಅವರು ತಮ್ಮ ಸರದಿ ಕಾಯದೆ ಮಾತಾಡಿದರು. ಮೂರನೆಯ ವಿಷಯ ನಡೆಯುತ್ತಿತ್ತು. ಎದ್ದು ನಿಂತು, "ನಮ್ಮ ಕಡೆ ಪಾತ್ರೆ ಖಾಲಿ ವಾಪಸ್ ಕಳಿಸಲ್ಲ ಸಾರ್. ಬಡವ್ರಾದ್ರೂ ಒಂದ್ ಹಿಡಿ ಸಕ್ಕರೆ ಹಾಕ್ತಾರೆ. ನೀವು ನಮ್ಮೂರಿಂದ ಸೀಸೆ ಸೀಸೆ ತುಂಬ್ಕೊಂಡು ಬಂದ್ರಿ. ದಿನಾ ಬೆಳಿಗ್ಗೆ ಹಾಲು ಹಾಕೋವಾಗ ಜನ ನನ್ನ ಕೇಳ್ತಾರೆ" ಎಂದರು. ಅಧ್ಯಕ್ಷರು ತುಂಬ ಒಳ್ಳೆಯ ಮಾತು ಎಂದು ಮೆಚ್ಚಿ, ಬರೆದುಕೊಳ್ಳುವಂತೆ ನನಗೆ ಸನ್ನೆ ಮಾಡಿದರು. ನಾನು ಬರೆದುಕೊಂಡೆ: 'ಫಲಿತಾಂಶ ತಿಳಿಸುವ ಕುರಿತು ಸದಸ್ಯರು ಸಲಹೆ ನೀಡಿದರು. ಗಮನಿಸಲಾಯಿತು.' ಲ್ಯಾಬಿನಿಂದ ಬಂದ ಲಕೋಟೆಗಳ ಕಟ್ಟು ಆಗ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಎಲ್ಲ ಊರುಗಳ ಲೆಕ್ಕ ಮುಗಿಯುವ ತನಕ ಒಂದನ್ನೂ ಬಿಚ್ಚಬಾರದು ಎಂದು ನಿರ್ದೇಶಕರು ಹೇಳಿದ್ದರು.

ಕೊನೆಗೆ ಒಂದು ದಿನ ಕೂಡಿ ಬಂತು. ದೆಹಲಿಯಿಂದ ತಜ್ಞರು ಬರುತ್ತಾರೆ, ಒಂದು ಹಳ್ಳಿ ನೋಡುತ್ತಾರೆ ಎಂದಾಯಿತು. ಹಟ ಹಿಡಿದು ಸೆಕ್ರೆಟ್ರಿಗಳ ಊರನ್ನೇ ಹಾಕಿಸಿದೆ. ಲೆಕ್ಕ ಮುಗಿಯದಿದ್ದರೂ ಏನಿದೆಯೋ ಅಲ್ಲೇ ಜನರಿಗೆ ಹೇಳಿಬಿಡೋಣ ಎಂದು ನಿರ್ದೇಶಕರೂ ಒಪ್ಪಿದ್ದರು. ಮಾವಿನ ಕೊಯ್ಲಿನ ಕಾಲ ಅದು, ಶ್ರೀನಿವಾಸಪುರದ ಕಡೆ ಜನಕ್ಕೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ದಿನಗಳು. ಆದರೂ ಸೆಕ್ರೆಟ್ರಿಗಳು ಮನೆ ಮನೆಗೆ ಹೋಗಿ, ಒಂದು ದಿನ ಕೊಯ್ಲು ನಿಲ್ಲಿಸಿ ಎಂದು ಒಪ್ಪಿಸಿದರಂತೆ. ಡೇರಿಗೆ ಸುಣ್ಣ ಹೊಡೆಸಿದರು. ಶಾಲೆಯಿಂದ ಕುರ್ಚಿ ತರಿಸಿದರು.

ಹಿಂದಿನ ಸಂಜೆ ಐದಕ್ಕೆ ನಿರ್ದೇಶಕರು ಕರೆದು, ತಜ್ಞರಿಗೆ ವಿಮಾನಕ್ಕೆ ತಡವಾಗುತ್ತೆ, ವೇಮಗಲ್ ಕಡೆ ಯಾವುದಾದರೂ ಊರು ನೋಡು, ಅಲ್ಲಿಂದ ಏರ್‌ಪೋರ್ಟು ಹತ್ತಿರ ಎಂದರು. ಅರ್ಧ ಗಂಟೆಯಲ್ಲಿ ಬೇರೆ ಊರು ಗೊತ್ತುಮಾಡಿದೆ, ಊಟವನ್ನೂ ಅಲ್ಲಿಗೇ ಹೇಳಿದೆ. ಉಳಿದದ್ದು ಸೆಕ್ರೆಟ್ರಿಗಳಿಗೆ ಒಂದು ಫೋನು. ಬಸ್ಸು ಹತ್ತಿದ ಮೇಲೆ ಮಾಡೋಣ ಎಂದೆ. ಮನೆಗೆ ಹೋಗಿ ಮಾಡೋಣ ಎಂದೆ. ಊಟವಾಗಲಿ ಎಂದೆ... ಧೈರ್ಯ ಬರಲಿಲ್ಲ, ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ಮಾಡಿದೆ. ಜನ ಏಳಕ್ಕೇ ಬಂದು ಕೂತಿದ್ದರು. ಫೋನಿನೊಳಗೆ ಗದ್ದಲ, ಮಕ್ಕಳ ಕೂಗು, ಯಾರೋ "ಎಲ್ಲವ್ರಂತೆ, ಎಲ್ಲವ್ರಂತೆ" ಎಂದು ಕೇಳುವುದು ಎಲ್ಲ ಕೇಳಿಸುತ್ತಿತ್ತು. ಇವತ್ತು ಯಾರೂ ಬರುವುದಿಲ್ಲ ಎಂದು ಹೇಳಿ ಮುಗಿಸಿದೆ.

"ಆಗ್ಲಿ ಬಿಡು ತಲ್ಲೀ. ನೀನೇನ್ ಮಾಡ್ತೀಯ" ಎಂದರು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಅದಾದ ಮೇಲೆ ಒಂದೇ ಸಭೆಗೆ ಬಂದರು. ಮುಖ ಬಾಡಿತ್ತು, ಕಣ್ಣಿನ ಕೆಳಗೆ ಊದಿತ್ತು. ಹಸು ಕರು ಹಾಕಿತೆಂದು ನನಗಾಗಿ, ಹೆಂಡತಿಯ ಹೆಸರು ಕೊರೆಸಿದ ಡಬ್ಬಿಯಲ್ಲಿ ಗಿಣ್ಣು ತಂದಿದ್ದರು. ಊರಲ್ಲಿ ಜನ ಏನಂತಾರೆ ಎಂದು ತಡೆಯಲಾರದೆ ಕೇಳಿದೆ. "ಈಗ ಯಾರೂ ಕೇಳಲ್ಲ ತಲ್ಲೀ. ಕೇಳ್ತಿದ್ದಾಗ್ಲೇ ಚೆನ್ನಾಗಿತ್ತು" ಎಂದರು. ಆ ದಿನವೂ ಒಂಬತ್ತನೆಯ ವಿಷಯ ಬರುವ ಮೊದಲೇ ಎದ್ದರು. ಡಬ್ಬಿ ಖಾಲಿ ಮಾಡಿ ಕೊಡುತ್ತೇನೆ ಎಂದರೆ, "ಇರ್ಲಿ, ಊರಿಗೆ ಬರ್ತೀಯಲ್ಲ, ಆಗ ತಾ" ಎಂದು ಹೊರಟರು.

ಮುಂದಿನ ಎರಡು ಸಭೆಗಳಿಗೆ ಅವರು ಬರಲಿಲ್ಲ. ಮೈ ಹುಷಾರಿಲ್ಲವಂತೆ ಎಂದು ಜೀಪಿನ ಡ್ರೈವರ್ ಹೇಳಿದ. ಎರಡು ಸಭೆ ತಪ್ಪಿಸಿದವರ ಹೆಸರು ತೆಗೆಯಬೇಕೆಂಬ ನಿಯಮವೂ ಇತ್ತು. ತೆಗೆದವಳು ನಾನೇ. ನೋಡಿಕೊಂಡು ಬರೋಣ ಎಂದುಕೊಳ್ಳುತ್ತಲೇ ಇದ್ದೆ. ಊರೂರಿಗೆ ಭೇಟಿ ಗೊತ್ತುಮಾಡುವವಳಿಗೆ ಆ ಒಂದು ಭೇಟಿ ಗೊತ್ತುಮಾಡಲಾಗಲಿಲ್ಲ. ಆಮೇಲೆ ಅದೇ ಡ್ರೈವರ್ ಒಂದು ಬೆಳಿಗ್ಗೆ ಬಂದು, ಸೆಕ್ರೆಟ್ರಿ ಹೋಗ್ಬಿಟ್ರಂತೆ ಮೇಡಂ ಎಂದ.

ಫಲಿತಾಂಶಗಳನ್ನು ಹಂಚಲು ಅಪ್ಪಣೆಯಾಗಿದ್ದು ಅದಾಗಿ ವರ್ಷ ಕಳೆದ ಮೇಲೆ. ಆ ಊರಿಗೆ ಬುಧವಾರವೇ ಹಾಕಿದೆ, ಬೆಳಿಗ್ಗೆ ಆರಕ್ಕೆ, ಡೇರಿ ಬಾಗಿಲಿಗೆ. ಚೀಲದಲ್ಲಿ ಅವರ ಡಬ್ಬಿ ಇಟ್ಟುಕೊಂಡಿದ್ದೆ, ಒಳಗೆ ಸಕ್ಕರೆ ತುಂಬಿ. ಜೀಪಿನಲ್ಲಿ ನಮ್ಮ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಲಕೋಟೆಗಳನ್ನು ಜೋಡಿಸುತ್ತಿದ್ದವರು ಒಂದನೇ ನಂಬರಿನದನ್ನು ಬಿಚ್ಚಿ ನೋಡಿದರು. "ಇವರ ಕಿಡ್ನಿ ಆಗಲೇ ಕೈ ಕೊಡ್ತಿತ್ತು. ಆಗಲೇ ಹೇಳಬೇಕಿತ್ತು ಇವರಿಗೆ" ಎಂದು ಅದನ್ನು ನನ್ನ ಕೈಗಿಟ್ಟರು. ಅವರ ಮನೆಗೆ ನೀವೇ ಕೊಡಿ ಎಂದರು.

ಎಷ್ಟು ಸಭೆ... ಪ್ರತಿ ಸಲವೂ ಆ ಲಕೋಟೆ ನನ್ನ ಬೆನ್ನಿನ ಹಿಂದೆ, ಅವರು ನನ್ನ ಎದುರಿಗೆ.

ಡೇರಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ, ಬೇಡವೆಂದರೂ ಕಾಫಿ ಕೊಟ್ಟರು. ಕೊನೆಯ ದಿನಗಳ ಮಾತು ತೆಗೆದರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತಂತೆ. "ಮುಂಚೆ ಗೊತ್ತಾಗಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರಮ್ಮ ಡಾಕ್ಟ್ರು. ಮುಂಚೆ ಯಾರಿಗ್ ಗೊತ್ತಾಗ್ತದೆ ಹೇಳು?" ಎಂದು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿಗೆ, "ಅವರದ್ದೂ ರಿಪೋರ್ಟು ಬಂತಾ?" ಎಂದರು.

"ಇಲ್ಲಮ್ಮ, ಅವರದ್ದು ಸಿಗಲಿಲ್ಲ" ಎಂದೆ.

"ಹೋಗ್ಲಿ ಬಿಡು. ಊರೋರಿಗೆಲ್ಲ ಬಂತಲ್ಲ. ಅವ್ರ ಮಾತು ಉಳೀತು, ಅಷ್ಟು ಸಾಕು."

ಚೀಲ ನನ್ನ ಮಡಿಲಲ್ಲೇ ಇತ್ತು. ಕೈ ಹಾಕಿದರೆ ಲಕೋಟೆ ಕಂಡೀತು ಎಂದು ಡಬ್ಬಿಯನ್ನೂ ತೆಗೆಯಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಆ ವರ್ಷ ಗುತ್ತಿಗೆ ಮುಗಿದಾಗ ನಾನು ಮತ್ತೆ ಸಹಿ ಕೇಳಲಿಲ್ಲ.

ಇವತ್ತು ಅಡುಗೆಮನೆಯಿಂದ ಗಿಣ್ಣಿನ ವಾಸನೆ ಹೋಗಿದೆ. ಸ್ಟೂಲು ಹಾಕಿಕೊಂಡು ಆ ಡಬ್ಬಿಯನ್ನು ಕೆಳಗಿಳಿಸಿದೆ. ಧೂಳು ಒರೆಸಿದೆ. ಮುಚ್ಚಳ ತೆಗೆಯಲಿಲ್ಲ, ಒಳಗೇನಿದೆ ಎಂದು ನನಗೆ ಗೊತ್ತು. ಆ ಬುಧವಾರ ಮನೆಗೆ ಬಂದವಳೇ ಡಬ್ಬಿಯ ಸಕ್ಕರೆಯನ್ನು ಹೊರಗೆ ಸುರಿದು, ಅವರ ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಅದರೊಳಗೆ ಹಾಕಿ ಮುಚ್ಚಿದ್ದೆ. ಖಾಲಿ ಡಬ್ಬಿಯಾಗಿದ್ದರೆ ಎಂದೋ ಒಂದು ಹಿಡಿ ಸಕ್ಕರೆ ಹಾಕಿಕೊಂಡು ಹೋಗಿ ಕೊಟ್ಟು ಬಂದಿರುತ್ತಿದ್ದೆ. ಅದು ಖಾಲಿಯಿಲ್ಲ.