ಕಾಕುವಿನ ಕೌದಿ, ಕಾಕಾನ ಹೊಲಿಗೆ

ಹೋದ ವಾರ ಮೊಮ್ಮಗಳು ಸಪ್ತಾಪುರದ ಯಾವುದೋ ಮೇಳದಿಂದ ಒಂದು ಕೌದಿ ತಂದಳು. ಹಳೆಯ ಸೀರೆ, ಧೋತರದ ತುಂಡು ಜೋಡಿಸಿ ಕೈಯಲ್ಲಿ ಹೊಲಿದದ್ದಲ್ಲ. ಹೊಸ ಬಟ್ಟೆಯನ್ನೇ ಕತ್ತರಿಸಿ ಮಷಿನ್ನಿನಲ್ಲಿ ಹೊಡೆದದ್ದು. ಚಂದ ಇತ್ತು, ಸುಳ್ಳೇಕೆ ಹೇಳಲಿ. ಅವಳು ಅದನ್ನು ನನ್ನ ಕಾಲ ಮೇಲೆ ಹೊದಿಸಿದ ಕೂಡಲೇ ನನ್ನ ಬೆರಳು ತಾವಾಗಿ ನಾಲ್ಕೂ ಮೂಲೆಗಳನ್ನು ಹಿಚುಕಿ ನೋಡಿದವು. ಯಾವ ಮೂಲೆಯಲ್ಲೂ ಏನೂ ಇರಲಿಲ್ಲ. ಏನು ಹುಡುಕುತ್ತೀ ಅಜ್ಜಿ ಅಂದಳು. ಇದಕ್ಕೆ ಯಾರೂ ಉಣಿಸಿಲ್ಲ ಅಂದೆ. ನಕ್ಕು ಒಳಗೆ ಹೋದಳು. ನನಗೆ ಮಾತ್ರ ಕಾಕು ನೆನಪಾಗಿ, ಮಧ್ಯಾಹ್ನವೆಲ್ಲ ಹಾಗೇ ಕುಳಿತೆ…

ಹದಿನಾರರ ವಯಸ್ಸಿಗೆ ಮದುವೆಯಾಗಿ ನಾನು ಹುಬ್ಬಳ್ಳಿಗೆ ಬಂದಾಗ ರೈಲ್ವೆ ವರ್ಕ್‌ಶಾಪಿನ ಹಿಂದಿನ ಚಾಳಿನಲ್ಲಿ ನಮ್ಮದು ಕೊನೆಯಿಂದ ಎರಡನೆಯ ಮನೆ. ಕೊನೆಯದು ಕಾಕುದು. ರಕ್ತಸಂಬಂಧವೇನೂ ಇಲ್ಲ. ಆಕೆಯ ಗಂಡನನ್ನು ನನ್ನ ಯಜಮಾನರು ಕಾಕಾ ಅನ್ನುತ್ತಿದ್ದರು, ಅದಕ್ಕೆ ಆಕೆ ನನಗೆ ಕಾಕು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು ಅಷ್ಟೇ. ತವರು ನೆನೆದು ನಾನು ಒಲೆಯ ಮುಂದೆ ಅಳುತ್ತಿದ್ದರೆ, ಗೋಡೆಯ ಆಚೆಯಿಂದ ಹೊಗೆ ಬಹಳ ಆಯ್ತೇನು ಅಂತ ಕೇಳುವಳು. ಅಳು ಅಂತ ಗೊತ್ತಿದ್ದೂ ಹೊಗೆ ಅನ್ನುವಳು. ನನ್ನ ಅತ್ತೆಯ ಕಿವಿಗೆ ಹೊಗೆಯೆಂದೇ ಬೀಳಲಿ ಅಂತ.

ಕಾಕಾ ವರ್ಕ್‌ಶಾಪಿನಲ್ಲಿ ಫಿಟ್ಟರ್. ಎಡಚರು. ಎತ್ತರದ ಆಳು, ಮೀಸೆಯ ಹಿಂದೆ ಯಾವಾಗಲೂ ಒಂದು ನಗು. ಆ ಕಾಲದಲ್ಲಿ ಗಂಡ ಹೆಂಡತಿ ನಾಲ್ಕು ಜನರ ಎದುರು ಕೂತು ಮಾತಾಡುವ ಪದ್ಧತಿ ಇರಲಿಲ್ಲ. ಕಾಕಾ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾಕು ಓಣಿಯವರಿಗೆಲ್ಲ ಕೌದಿ ಹೊಲಿದು ಕೊಡುವಳು. ರವಿವಾರ ಪಡಸಾಲೆಯಲ್ಲಿ ಕೌದಿ ಹಾಸಿ ಆಕೆ ಒಂದು ಅಂಚಿಗೆ ಕೂತರೆ, ಇವರು ಸೂಜಿ ಹಿಡಿದು ಎದುರಿನ ಅಂಚಿಗೆ ಕೂರುವರು. ಓಣಿಯ ಗಂಡಸರು ಹೆಂಗಸರ ಕೆಲಸ ಅಂತ ಆಡಿಕೊಂಡರು. ಕಾಕಾ ತಲೆ ಎತ್ತಲಿಲ್ಲ. ಹೊಲಿಗೆ ಮುಂದೆ ಸಾಗಿದಂತೆ ಇಬ್ಬರೂ ಒಂದೊಂದು ಗೇಣು ಹತ್ತಿರ ಸರಿಯುವರು. ಸಂಜೆಯ ಹೊತ್ತಿಗೆ ನಡುವೆ ಒಂದು ಮೊಳ ಉಳಿದಿರುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಯಾಕೋ ನಾಚಿಕೆಯಾಗುತ್ತಿತ್ತು.

ಕಾಕುವಿನ ಹೊಲಿಗೆ ಬಲಕ್ಕೆ ವಾಲಿದರೆ ಎಡಗೈಯ ಕಾಕಾನದು ಎಡಕ್ಕೆ. ಅದೂ ಅಳತೆಪಟ್ಟಿ ಇಟ್ಟ ಹಾಗೆ, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ.

"ಇದು ಎಂಜಿನ್ ಅಲ್ಲರಿ. ನಟ್ಟು ಬಿಗದಂಗ ಎಳೀಬ್ಯಾಡ್ರಿ" ಅನ್ನುವಳು ಕಾಕು.

"ನಿಂದು ಆ ಕಡೆ ವಾಲತೈತಿ, ನಂದು ಈ ಕಡೆ. ನಡುವ ಬಂದು ಕೂಡತಾವು ಬಿಡು" ಅನ್ನುವರು ಅವರು.

ಕೌದಿ ಮುಗಿಯುವಾಗ ಒಂದು ಶಾಸ್ತ್ರವಿತ್ತು. ಕಡೆಯ ಮೂಲೆಯನ್ನು ಹಾಗೇ ಮುಚ್ಚುವಂತಿಲ್ಲ. ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ತುಣುಕು ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಿದ್ದರು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂಬುದು ಕಾಕುವಿನ ನಂಬಿಕೆ.

ಎರಡನೆಯ ಮಹಾಯುದ್ಧ ಶುರುವಾಗಿತ್ತು. ಮಿಲಿಟರಿಯವರ ರೈಲು ನಡೆಸಲು, ರಿಪೇರಿ ಮಾಡಲು ಕೈ ಪಳಗಿದವರು ಬೇಕಾಗಿದ್ದರು. ಕಾಕಾ ಹೆಸರು ಕೊಟ್ಟರು. ಸಾಹೇಬರು ಕೇಳಿದಾಗ ಒಲ್ಲೆ ಅನ್ನಲಾಗಲಿಲ್ಲ ಎಂದು ಹೇಳಿಕೊಂಡರು. ಬಂದೂಕು ಹಿಡಿಯುವ ಕೆಲಸವಲ್ಲ, ನಟ್ಟು ಬಿಗಿಯುವ ಪಾನಾ ಹಿಡಿಯುವ ಕೆಲಸ ಎಂದು ಕಾಕುವನ್ನು ಸಮಾಧಾನ ಮಾಡಿದರು. ಆಕೆ ಜಗಳ ಆಡಲಿಲ್ಲ. ಎಂಟು ದಿನದಲ್ಲಿ ಒಂದು ಒಂಟಿ ಹಾಸಿಗೆಯ ಕೌದಿ ಹೊಲಿದಳು. ತನ್ನ ಮದುವೆಯ ಹಸಿರು ಸೀರೆಯ ಸೆರಗನ್ನೇ ಅದಕ್ಕೆ ಹಾಕಿದಳು. ಕಡೆಯ ಮೂಲೆಗೆ ಖಡಕ್ ಜೋಳದ ರೊಟ್ಟಿಯ ದೊಡ್ಡ ತುಣುಕು ಇಟ್ಟಳು. ಈ ಸಲ ಅಷ್ಟೂ ಹೊಲಿಗೆ ಆಕೆಯದೇ. ಎದುರಿನ ಅಂಚಿಗೆ ಯಾರನ್ನೂ ಕೂರಗೊಡಲಿಲ್ಲ.

ಆ ಕೌದಿ ಕಟ್ಟಿಕೊಂಡು ಕಾಕಾ ಹೊರಟರು, ಅವರನ್ನು ಬರ್ಮಾಕ್ಕೆ ಹಾಕಿದ್ದರು. ಮೊದಮೊದಲು ಅಲ್ಲಿಂದ ಕಾಗದ ಬರುತ್ತಿದ್ದವು. ಓದುವ ಕೆಲಸ ನನ್ನದು. ಆಮೇಲೆ ಜಪಾನಿನವರು ಅಲ್ಲಿಗೆ ನುಗ್ಗಿದರು ಅಂತ ಸುದ್ದಿ ಬಂತು, ಕಾಗದ ನಿಂತವು. ಸ್ವಲ್ಪ ದಿನಕ್ಕೆ ಸರ್ಕಾರದ್ದೊಂದು ಚೀಟಿ, ಇಂಥವರ ಪತ್ತೆಯಿಲ್ಲ ಅಂತ. ಕಾಕು ಅದನ್ನು ಮಡಚಿ ಜಂತಿಗೆ ಸಿಕ್ಕಿಸಿ ರೊಟ್ಟಿ ಬಡಿಯಲು ಕೂತಳು. ಪತ್ತೆ ಇಲ್ಲ ಅಂದರೆ ಹುಡುಕಲಿ ಅಂದಳು.

ವರ್ಷ ಕಳೆಯುತ್ತ ಬಂದಿತ್ತು. ಒಂದು ದಿನ ಮುಂಜಾನೆ ಪೋಸ್ಟಿನವನು ಗೋಣಿಬಟ್ಟೆಯ ಗಂಟು ತಂದುಕೊಟ್ಟ. ಅಸ್ಸಾಮಿನ ಯಾವುದೋ ಮಿಲಿಟರಿ ಆಸ್ಪತ್ರೆಯದು. ಒಳಗೆ ಒಂದು ತಗಡಿನ ಮಗ್ಗು ಮತ್ತು ಆ ಕೌದಿ. ಕೆಸರು, ಔಷಧಿ, ಬೆವರು ಎಲ್ಲ ಕೂಡಿ ಅದರ ಬಣ್ಣವೇ ತಿಳಿಯುತ್ತಿರಲಿಲ್ಲ. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ನನ್ನ ಯಜಮಾನರು ಓದಿದರು. ಇವರ ಸಾಮಾನು ಮನೆಗೆ ಕಳಿಸಿದೆ ಅಂತಷ್ಟೇ ಇತ್ತು. ಮನುಷ್ಯನ ಬಗ್ಗೆ ಒಂದಕ್ಷರವಿಲ್ಲ.

ಹೊದಿಕೆ ಬಂತು, ಹೊದೆಯುವವನು ಬರಲಿಲ್ಲ. ಜನಕ್ಕೆ ಇನ್ನೇನು ಬೇಕು? ಮಧ್ಯಾಹ್ನದೊಳಗೆ ಬೈರಿದೇವರಕೊಪ್ಪದಿಂದ ಕಾಕಾನ ಅಣ್ಣ ಬಂದರು. ಹೊಲಮನೆ ನೋಡಿಕೊಂಡಿದ್ದ, ಕೆಟ್ಟವರಲ್ಲದ ಮನುಷ್ಯ. ತಮ್ಮನಿಗಾಗಿ ಅತ್ತರು. ಅತ್ತು ಮುಗಿದ ಮೇಲೆ, ಆಗಬೇಕಾದ್ದು ಆಗಲಿ ಎಂದರು. ಅಂದರೆ ಕಾಕುವಿನ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು, ತಾಳಿ ತೆಗೆಯಬೇಕು. ಕಾಕು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಎರಡು ಸಲ ಹೆಂಗಸರು ಒಳಗೆ ಹೋಗಿ ಬರಿಗೈಲಿ ಹೊರಗೆ ಬಂದರು. ಆಗ ನನ್ನ ಅತ್ತೆ, ಆಕೆ ಯಾರ ಮಾತು ಕೇಳದಿದ್ದರೂ ನಿನ್ನ ಮಾತು ಕೇಳುತ್ತಾಳೆ ಅಂತ ನನ್ನನ್ನು ಒಳಗೆ ದೂಡಿದರು.

ನಾನು ಹೋದೆ. ಹೋಗಬಾರದಿತ್ತು, ಹೋದೆ. ಆಕೆಯ ಎದುರು ಕೂತು, ಕಲಿಸಿಕೊಟ್ಟ ಹಾಗೇ ಹೇಳಿದೆ.

"ಕಾಕು, ಎಲ್ಲಾರೂ ಹೊರಗ ಕಾಯಾಕತ್ತಾರ. ಬಳಿ ತಗದುಬಿಡ್ರಿ."

ಕಾಕು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ.

"ನೀನೂ ಅಂದೀ?" ಎಂದಳು.

ಮಡಿಲಲ್ಲಿದ್ದ ಕೌದಿಯ ಮೂಲೆಯನ್ನು ಹಿಚುಕುತ್ತ ಕೂತಳು. ಹಿಚುಕುತ್ತಿದ್ದ ಬೆರಳು ಒಮ್ಮೆಲೇ ನಿಂತವು. ಬೆಳಕಿಗೆ ಹಿಡಿದು ನೋಡಿದಳು. ಕತ್ತರಿ ಕೊಡು ಅಂದಳು. ಏನು ಮಾಡಿಕೊಂಡಾಳೋ ಅಂತ ನನಗೆ ಹೆದರಿಕೆ. ನಾನು ಏಳದ್ದು ಕಂಡು ಹಲ್ಲಿನಿಂದಲೇ ದಾರ ಕಡಿದಳು. ಮೂಲೆಯಿಂದ ಆಕೆಯ ಅಂಗೈಗೆ ಉದುರಿದ್ದು ರೊಟ್ಟಿಯಲ್ಲ. ಒಣಗಿ ಕಲ್ಲಿನಂತಾಗಿದ್ದ ಅನ್ನದ ಉಂಡೆ. ದಪ್ಪ, ಕೆಂಪು ಅಗುಳು, ನಮ್ಮ ಕಡೆ ಕಾಣದಂಥವು.

ಕಾಕು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲಿಗೆ ಬಂದು ನಿಂತಳು. ಎಂದೂ ಭಾವನ ಎದುರು ಬಾಯಿ ತೆರೆಯದವಳು ಅವತ್ತು ತೆರೆದಳು.

"ನಾ ರೊಟ್ಟಿ ಇಟ್ಟಿದ್ನಿ. ಅದನ್ನ ಹಸದಾಗ ತಿಂದಾರ. ತಿಂದ ಮ್ಯಾಲೆ ಅನ್ನ ತುಂಬಿ ಮತ್ತ ಹೊಲದಾರ. ಈ ಹೊಲಿಗಿ ನೋಡ್ರಿ, ಎಡಕ್ಕ ವಾಲೈತಿ. ಉಣ್ಣಾಕ ಸಿಕ್ಕು, ಅದರಾಗ ಒಂದು ತುತ್ತು ಎತ್ತಿಟ್ಟು, ಕೂತು ಸೂಜಿ ಹಿಡಿದಾರ. ಅಂಥಾವ್ರನ್ನ ನೀವು ಸತ್ತಾರಂತೀರಿ?"

ಭಾವ ಬಹಳ ಮೆತ್ತಗೆ, "ಹೊಲಿಗಿ ಹಾಕಿದ ಮ್ಯಾಲೆ ಏನಾಗೇತೋ ಯಾರಿಗೆ ಗೊತ್ತವ್ವಾ" ಅಂದರು.

"ನನಗೂ ಗೊತ್ತಿಲ್ಲರಿ. ಗೊತ್ತಾದ ದಿವಸ ನಾನ ತಗೀತೇನಿ. ಯಾರೂ ಹೇಳೂದು ಬ್ಯಾಡ."

ಭಾವ ಆ ಮೂಲೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ತಮ್ಮನ ಎಡಗೈ ಅವರಿಗೂ ಗೊತ್ತಿತ್ತಲ್ಲ. ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೊರಟರು. ಹೆಂಗಸರು ಚದುರಿದರು. ಓಣಿಯಲ್ಲಿ ಕೆಲವರು ಪಾಪ ಎಂದರು, ಕೆಲವರು ಹುಚ್ಚು ಎಂದರು. ಮುಂದಿನ ತಿಂಗಳುಗಳಲ್ಲಿ ಅರಿಶಿನ ಕುಂಕುಮಕ್ಕೆ ಆಕೆಯನ್ನು ಕರೆಯುವ ಮನೆಗಳು ಒಂದೊಂದಾಗಿ ಕಡಿಮೆಯಾದವು. ಆಕೆ ಮಾತ್ರ ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಂತು ದುಂಡಗೆ ಕುಂಕುಮ ಇಟ್ಟುಕೊಳ್ಳುವಳು. ನನ್ನ ಜೊತೆ ಮೊದಲಿನ ಹಾಗೇ ಇದ್ದಳು. ಅದೇ ನನಗೆ ಕಷ್ಟವಾಗುತ್ತಿತ್ತು…

ಕಾಕಾ ಬಂದದ್ದು ಅದಾಗಿ ಆರು ತಿಂಗಳಿಗೆ. ವರ್ಕ್‌ಶಾಪಿನ ಮಧ್ಯಾಹ್ನದ ಭೋಂಗಾ ಕೂಗುತ್ತಿತ್ತು. ಕೋಲೂರಿಕೊಂಡು ಒಬ್ಬರು ಓಣಿಯೊಳಗೆ ಬಂದರು. ಮೀಸೆಯಿಲ್ಲ, ಮೈಯಲ್ಲಿ ಮಾಂಸವಿಲ್ಲ. ಭಿಕ್ಷೆಯವರು ಅಂತ ತಿಳಿದು ಮುಂದೆ ಹೋಗಿರಿ ಎಂದವಳು ನಾನೇ. ಕಾಕು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದಳು. ಹಿಟ್ಟಿನ ಕೈ ಹಾಗೇ ಇತ್ತು.

"ಕಾಲು ತೊಳಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವ" ಅಂದಳು.

ಅವರು ಉಣ್ಣಲು ಕೂತ ಮೇಲೆ, ಹಿಟ್ಟಿನ ಡಬ್ಬಿ ತರುತ್ತೇನೆ ಅಂತ ನಮ್ಮ ಮನೆಗೆ ಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ನನ್ನ ಕುಪ್ಪಸದ ತೋಳು ಪೂರ್ತಿ ತೊಯ್ದುಹೋಯಿತು. ಅತ್ತೆ ಏನದು ಅಂತ ಕೇಳಿದಾಗ, ಹೊಗೆ ಎಂದೆ.

ಕಾಡು, ಹೊಳೆ, ಜಿಗಣೆ ದಾಟಿ ವಾರಗಟ್ಟಲೆ ನಡೆದದ್ದನ್ನು ಕಾಕಾ ಹೆಚ್ಚು ಹೇಳಲಿಲ್ಲ. ಆ ರೊಟ್ಟಿಯ ತುಣುಕನ್ನು ಜೊತೆಗಿದ್ದ ಇಬ್ಬರೂ ಸೇರಿ ಮೂವರು ಹಂಚಿಕೊಂಡು, ಕಡಿಯದೆ ಬಾಯಲ್ಲಿಟ್ಟುಕೊಂಡು ಎರಡು ದಿನ ನಡೆದರಂತೆ. ಮೂವರಲ್ಲಿ ಒಬ್ಬ ಮರದ ಕೆಳಗೆ ಕೂತವನು ಏಳಲೇ ಇಲ್ಲವಂತೆ. ಅಸ್ಸಾಮಿನ ಆಸ್ಪತ್ರೆಯಿಂದ ಜ್ವರದ ಮೈಯಲ್ಲೇ ದೂರದ ಇನ್ನೊಂದಕ್ಕೆ ಸಾಗಿಸುವಾಗ ಗಂಟು ಅಲ್ಲೇ ಉಳಿದಿತ್ತು. ಅನ್ನ ಯಾಕೆ ತುಂಬಿದಿರಿ ಎಂದು ನಾನು ಕೇಳಿದ್ದಕ್ಕೆ, "ಖಾಲಿ ಕೌದಿ ತಂದ್ರ ನಿಮ್ಮ ಕಾಕು ಮನ್ಯಾಗ ಬಿಟ್ಕೋತಿದ್ಲೇನು?" ಅಂದರು. ಇನ್ನೊಂದು ತಮಾಷೆ. ಆಸ್ಪತ್ರೆಯಿಂದ ಅವರು ಬರೆಸಿದ ಎರಡು ಕಾಗದ ಅವರು ಬಂದ ಮೇಲೆ ಬಂದವು. ಕಾಕು ಅವರನ್ನು ಎದುರಿಗೆ ಕೂರಿಸಿಯೇ ನನ್ನಿಂದ ಓದಿಸಿದಳು. ನಾನು ಕ್ಷೇಮ, ಚಿಂತೆ ಬೇಡ ಎಂಬ ಸಾಲು ಬಂದಾಗ ತಲೆಯಾಡಿಸಿ, ಛಲೋ ಆತು ಬಿಡು ಎಂದಳು.

ಆಮೇಲೆ ಅವರಿಬ್ಬರೂ ಇಪ್ಪತ್ತು ವರ್ಷ ಎದುರುಬದುರು ಕೂತು ಕೌದಿ ಹೊಲಿದರು. ಕಾಕಾ ಹಾಸಿಗೆಯಲ್ಲಿ, ಆಕೆಯ ಕೈ ಹಿಡಿದೇ ಹೋದರು. ಆ ದಿನ ಹೆಂಗಸರು ಬರುವ ಮೊದಲೇ ಕಾಕು ಬಳೆಗಳನ್ನು ಒಂದೊಂದಾಗಿ ತೆಗೆದಿಟ್ಟಿದ್ದಳು. ಒಂದೂ ಒಡೆದಿರಲಿಲ್ಲ.

ಅದಾದ ಎಷ್ಟೋ ವರ್ಷಕ್ಕೆ ನನ್ನ ಯಜಮಾನರು ತೀರಿಕೊಂಡರು. ಕಾಕುವಿಗೆ ಆಗ ಅರವತ್ತು ದಾಟಿತ್ತು. ಬಂದವಳೇ ನನ್ನ ಪಕ್ಕದಲ್ಲಿ ಕೂತು, ನನ್ನ ಎರಡೂ ಮಣಿಕಟ್ಟುಗಳನ್ನು ತನ್ನ ಕೈಯಿಂದ ಮುಚ್ಚಿ ಹಿಡಿದಳು. ಹೆಂಗಸರು ಮುಂದೆ ಬಂದಾಗ ಎದ್ದೇಳಲಿಲ್ಲ.

"ಆಕಿಗೆ ಯಾವಾಗ ತಗೀಬೇಕನಸ್ತೈತಿ, ಆವಾಗ ತಗೀತಾಳ. ನೀವು ಹೋಗಿ ಚಾ ಕುಡೀರಿ" ಎಂದಳು.

ಸಂಜೆಯವರೆಗೆ ಹಾಗೇ ಹಿಡಿದು ಕೂತಿದ್ದಳು. ಬಳೆ ತೆಗೆಯಿರಿ ಎಂದು ಚಾಳಿನ ಒಳಕೋಣೆಯಲ್ಲಿ ನಾನು ಆಡಿದ್ದ ಮಾತು ಅವತ್ತು ನೆನಪಾಯಿತು. ತಪ್ಪಾಯಿತು ಎನ್ನಬೇಕು ಅಂದುಕೊಂಡೆ. ಅಳು ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ಹೇಳಿದರಾಯಿತು ಎಂದುಕೊಂಡೆ…

ಕಾಕು ಹೋದಾಗ ಬೈರಿದೇವರಕೊಪ್ಪದ ಅವರ ಹೊಲದಲ್ಲೇ, ಕಾಕಾನ ಪಕ್ಕದಲ್ಲೇ ಮಣ್ಣು ಕೊಟ್ಟರು. ಈಗ ಅಲ್ಲಿ ಹೊಲವಿಲ್ಲ. ಸಾಲಾಗಿ ಮನೆಗಳು, ಗೇಟುಗಳು, ಗೇಟಿನ ಮುಂದೆ ಗಾಡಿಗಳು. ಹೋದ ವರ್ಷ ಮಗ ಆ ದಾರಿಯಲ್ಲಿ ಕರೆದುಕೊಂಡು ಹೋದಾಗ ಕಾರು ನಿಲ್ಲಿಸಲು ಹೇಳಿ ಇಳಿದೆ. ಎಲ್ಲಿ ಅಂತ ಗುರುತು ಹತ್ತಲಿಲ್ಲ. ಯಾರದೋ ಗೇಟಿನ ಮುಂದೆ ನಿಂತು, ಒಳಗಿನವರಿಗೆ ಕೇಳದ ಹಾಗೆ, ತಪ್ಪಾತ್ರಿ ಕಾಕು ಎಂದು ಬಂದೆ.