ಇಳಿದು ಬರುವವರ ಕುರ್ಚಿ

ಕರ್… ಕರ್… ಕರ್…

ಒಣಗಿದ ಪ್ಲಾಸ್ಟರಿನ ಮೇಲೆ ಅರ ಓಡುವ ಸದ್ದು ಅದು. ಠಾಣೆ ಪಟ್ಟಣದ ಆ ಶೆಡ್ಡಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಶುರುವಾದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವವರೆಗೂ ನಿಲ್ಲುತ್ತಿರಲಿಲ್ಲ. ಕಾಲು ಕಳೆದುಕೊಂಡವರಿಗೆ ಕಾಲು, ಬೆನ್ನು ಬಾಗಿದವರಿಗೆ ಬೆನ್ನುಪಟ್ಟಿ, ತಾವಾಗಿ ಕೂರಲಾಗದವರಿಗೆ ಮೈಗೆ ಹೊಂದುವ ಕುರ್ಚಿ, ಇಷ್ಟು ಅಲ್ಲಿನ ಕೆಲಸ. ಮುಂಡಪ್ಪ ಮೂವತ್ತೊಂದು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದವನು. ಆದರೆ ಆ ಮಂಗಳವಾರ ಅವನ ಮುಂದೆ ಮೇಜಿನ ಮೇಲೆ ನಿಂತಿದ್ದದ್ದು ಹೆಂಡತಿ ಜಯಲತಾಳ ಬೆನ್ನು. ಪ್ಲಾಸ್ಟರಿನ ಬಿಳಿ ಬೆನ್ನು, ಎಡಕ್ಕೆ ವಾಲಿದ್ದು.

ಎರಡು ದಿನದ ಹಿಂದೆ ಡೊಂಬಿವಲಿಯ ಮನೆಯಲ್ಲಿ ಅವಳ ಅಚ್ಚು ತೆಗೆದಿದ್ದ. ಮೈಗೆ ತೆಳು ಬನಿಯನ್ ಬಟ್ಟೆ ತೊಡಿಸಿ, ಮೂಳೆ ಎದ್ದ ಕಡೆಯೆಲ್ಲ ಇಂಕ್ ಪೆನ್ಸಿಲಿನಿಂದ ಗುರುತು ಹಾಕಿ, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದ್ದ. ಮಗಳು ಪ್ರಣೀತಾ ಅಮ್ಮನ ಭುಜ ಎತ್ತಿ ಹಿಡಿದು ಕೂತಿದ್ದಳು. ಗಟ್ಟಿಯಾದ ಪಟ್ಟಿಯನ್ನು ಸೀಳಿ ಬಿಡಿಸಿ, ಆ ಚಿಪ್ಪಿನೊಳಗೆ ಪ್ಲಾಸ್ಟರ್ ಹೊಯ್ದರೆ ಮೈಯ ಪ್ರತಿ ಸಿಗುತ್ತದೆ. ಪ್ರತಿಯನ್ನು ಅರದಿಂದ ತಿದ್ದಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದರೆ ಕುರ್ಚಿಯ ಒಳಮೈ ಸಿದ್ಧ.

ಕಸುಬು ಇರುವುದು ತಿದ್ದುವುದರಲ್ಲಿ. ಮೂಳೆ ಚುಚ್ಚುವ ಕಡೆ ಒಂದಿಷ್ಟು ಮೆತ್ತಬೇಕು, ಮಾಂಸವಿರುವ ಕಡೆ ಒಂದಿಷ್ಟು ಹೆರೆಯಬೇಕು. ಮುಂಡಪ್ಪ ಆವತ್ತು ಒಂದಿಷ್ಟಕ್ಕೆ ನಿಲ್ಲಲಿಲ್ಲ.

“ಎಂತ ಮಾರಾಯ, ಪೂರಾ ನೆಟ್ಟಗೆ ಮಾಡ್ತಾ ಇದ್ದಿಯಲ್ಲ?” ಪಕ್ಕದ ಮೇಜಿನ ದೇವದಾಸ್ ಕೇಳಿದ. ಅವನು ಕಾರ್ಕಳದ ಕಡೆಯವನು, ಮುಂಡಪ್ಪನಿಗಿಂತ ಮೊದಲೇ ಈ ಶೆಡ್ಡಿಗೆ ಬಂದವನು.

“ಸ್ವಲ್ಪ ವಾಲಿದೆ. ಸರಿ ಮಾಡ್ತೇನೆ.”

“ಸ್ವಲ್ಪವಾ? ಇದು ನಿನ್ನ ಮದುವೆ ಫೋಟೋದ ಬೆನ್ನು.”

ಮುಂಡಪ್ಪ ನಕ್ಕ. ಅರ ನಿಲ್ಲಿಸಲಿಲ್ಲ.

ಆ ಬೆನ್ನು ಅವನಿಗೆ ಬಾಯಿಪಾಠವಾಗಿತ್ತು. ಇಪ್ಪತ್ತೆರಡು ವರ್ಷ ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಬೆಳಿಗ್ಗೆ ಎಂಟು ಏಳರ ಲೋಕಲ್ ರೈಲು ಹಿಡಿದವರು. ಸ್ಟೇಶನ್ನಿನ ಗದ್ದಲದಲ್ಲಿ ಅವಳು ಹೆಂಗಸರ ಡಬ್ಬಿಯ ಕಡೆಗೆ ಬೇಗ ಬೇಗ ನಡೆದು ಹೋಗುವಾಗ ಅವನು ಹಿಂದಿನಿಂದ ನೋಡುತ್ತಿದ್ದ. ಎಷ್ಟು ನೂಕುನುಗ್ಗಲಿದ್ದರೂ ಆ ಭುಜಗಳು ಬಾಗುತ್ತಿರಲಿಲ್ಲ. ಠಾಣೆಯಲ್ಲಿ ಅವನು ಇಳಿಯುತ್ತಿದ್ದ, ಅವಳು ಮುಂದೆ ಘಾಟ್‌ಕೋಪರಿನ ಆಫೀಸಿಗೆ. ರೈಲು ಹೊರಡುವಾಗ ಹೆಂಗಸರ ಡಬ್ಬಿಯ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಬಂದು ಎರಡು ಬೆರಳು ಆಡಿಸಿ ಒಳಗೆ ಹೋಗುತ್ತಿತ್ತು. ಅಷ್ಟೇ. ಅದನ್ನು ನೋಡದೆ ಅವನು ಸೇತುವೆ ಹತ್ತಿದ್ದಿಲ್ಲ. ಈಗಲೂ ರೈಲು ಹೊರಡುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾನೆ. ಡಬ್ಬಿ ಹಾದು ಹೋಗುತ್ತದೆ. ಎಷ್ಟೋ ಕೈಗಳು ಸರಳು ಹಿಡಿದಿರುತ್ತವೆ.

ಹನ್ನೊಂದು ತಿಂಗಳ ಹಿಂದೆ ಅವಳಿಗೆ ಬಂದ ಜ್ವರ ನಾಲ್ಕೇ ದಿನದಲ್ಲಿ ಬಿಟ್ಟಿತ್ತು. ಬಿಟ್ಟು ಹೋಗುವಾಗ ನರಗಳ ಬಲವನ್ನೂ ಕೊಂಡುಹೋಯಿತು. ಕೈಗಳು ಮರಳಿ ಬಂದವು, ಮಾತು ಬಂತು. ನಡು ಮತ್ತು ಕಾಲು ಬರಲಿಲ್ಲ. “ಬರಬಹುದು, ನಿಧಾನ” ಎಂದು ಡಾಕ್ಟರು ಹೇಳಿದ್ದನ್ನು ಮುಂಡಪ್ಪ ದಿನಕ್ಕೊಮ್ಮೆಯಾದರೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ರೈಲು ಡಬ್ಬಿಯ ಗೆಳತಿಯರು ನೋಡಲು ಬರುತ್ತೇವೆಂದು ಎಷ್ಟು ಸಲ ಫೋನ್ ಮಾಡಿದರೂ ಜಯಲತಾ ಬೇಡವೆಂದಿದ್ದಳು. ಕೊನೆಗೆ ಒಂದು ಭಾನುವಾರ ಗೊತ್ತು ಮಾಡಿಕೊಟ್ಟು ಗಂಡನಿಗೆ ಹೇಳಿದಳು: “ಮಲಗಿಕೊಂಡು ನಾನು ಅವರಿಗೆ ಮುಖ ತೋರಿಸೂದಿಲ್ಲ. ನೀವು ಊರಿಗೆಲ್ಲ ಕುರ್ಚಿ ಮಾಡ್ತೀರಿ. ನನ್ನನ್ನು ಒಂದು ಗಂಟೆ ಕೂರಿಸಿ, ಸಾಕು.”

ಆ ಭಾನುವಾರಕ್ಕೆ ಇನ್ನು ಐದೇ ದಿನ ಇತ್ತು.

ಬುಧವಾರ ಸಂಜೆ ಕುರ್ಚಿ ಮನೆಗೆ ಬಂತು. ಅಪ್ಪ ಮಗಳು ಸೇರಿ ಅವಳನ್ನು ಎತ್ತಿ ಕೂರಿಸಿ ಪಟ್ಟಿ ಬಿಗಿದರು. ಮುಂಡಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ಬಾಗಿಲ ಹತ್ತಿರ ನಿಂತ. ನೆಟ್ಟಗಿನ ಭುಜ, ನೆಟ್ಟಗಿನ ಕತ್ತು. ಎಂಟು ಏಳರ ಜಯಲತಾ ಅಲ್ಲಿ ಕೂತಿದ್ದಳು.

“ಹೇಗುಂಟು?”

“ಚೆನ್ನಾಗುಂಟು,” ಎಂದಳು. ಏಳು ನಿಮಿಷಕ್ಕೆ, “ಸಾಕು, ಮಲಗಿಸಿ.”

ರೂಢಿಯಾಗಬೇಕು ಎಂದುಕೊಂಡ ಮುಂಡಪ್ಪ.

ಮರುದಿನ ಬೆಳಿಗ್ಗೆ ಆರೂವರೆಗೆ ಪ್ರಣೀತಾ ಕೂಗಿದಳು: “ಮಮ್ಮಿ, ಜಲ್ದಿ! ಲೈವ್ ಚಾಲೂ ಹೈ!”

ಬಾಹ್ಯಾಕಾಶ ನಿಲ್ದಾಣದಿಂದ ಮೂವರು ಭೂಮಿಗೆ ಮರಳುವ ದಿನ ಅದು. ಹಾಸಿಗೆ ಹಿಡಿದ ಹೊಸದರಲ್ಲಿ, ಮಲಗಿದಲ್ಲಿಗೆ ಕಾಣುವಂತೆ ಮಗಳು ಮಂಚಕ್ಕೆ ಫೋನ್ ಕಟ್ಟಿಕೊಟ್ಟ ಮೇಲೆ ಜಯಲತಾ ಮೊದಲು ಧಾರಾವಾಹಿ ನೋಡಿದಳು, ಆಮೇಲೆ ಬಾಹ್ಯಾಕಾಶದಲ್ಲಿ ತೇಲುವವರನ್ನು. “ಇವರಿಗೂ ನನ್ನ ಹಾಗೆ, ಎದ್ದು ನಿಲ್ಲುವ ಕೆಲಸವೇ ಇಲ್ಲ” ಎಂದು ನಗುತ್ತಿದ್ದಳು. ಬರಬರುತ್ತಾ ಅವರು ಹೇಗೆ ತೇಲುತ್ತಾರೆ ಅನ್ನುವುದಕ್ಕಿಂತ ಹೇಗೆ ಇಳಿದು ಬರುತ್ತಾರೆ ಅನ್ನುವುದೇ ಅವಳಿಗೆ ದೊಡ್ಡದಾಯಿತು. ಈ ಹನ್ನೊಂದು ತಿಂಗಳಲ್ಲಿ ಬಂದಿಳಿದವರನ್ನೆಲ್ಲ ಅವಳು ನೋಡಿದ್ದಳು.

“ಕುರ್ಚಿಯಲ್ಲಿ ಕೂರಿಸಿ. ಕೂತೇ ನೋಡ್ತೇನೆ,” ಎಂದಳು. ಮುಂಡಪ್ಪನಿಗೆ ಸಂತೋಷವಾಯಿತು.

“ಪಟ್ಟಿ ಸಡಿಲ ಮಾಡಿ… ಹಾಂ. ನಾಲ್ಕು ಗಂಟೆಗೇ ನಿಲ್ದಾಣದಿಂದ ನೌಕೆಯ ಕೊಂಡಿ ಕಳಚಿದ್ದು. ಸ್ಪ್ರಿಂಗ್ ಮೆಲ್ಲ ದೂಡಿದ್ದು ಅಷ್ಟೇ, ಮಗುವನ್ನು ತೊಟ್ಟಿಲಿನಿಂದ ಎತ್ತಿದ ಹಾಗೆ. ಈಗ ಎಂಜಿನ್ ಉರಿಸ್ತಾರೆ ನೋಡಿ, ಹೋಗುವ ದಿಕ್ಕಿಗೆ ಎದುರಾಗಿ. ನಾಲ್ಕೂವರೆ ನಿಮಿಷ,” ಎಂದಳು ಜಯಲತಾ.

“ಬ್ರೇಕ್ ಅಂತ ಹೇಳು.”

“ಬ್ರೇಕ್ ಹಾಕಿದ್ರೆ ನಿಮ್ಮ ಲೋಕಲ್ ದಿವಾ ಸ್ಟೇಶನ್ನಿನಲ್ಲಿ ನಿಲ್ತದೆ. ಇದು ನಿಲ್ಲೂದಿಲ್ಲ, ವೇಗ ಒಂಚೂರು ಕಡಿಮೆ ಆಗ್ತದೆ. ಆ ಒಂಚೂರಿಗೇ ಕೆಳಗೆ ಬೀಳ್ಲಿಕ್ಕೆ ಶುರು.”

ಆಮೇಲೆ ನೌಕೆ ಮೂರು ಭಾಗವಾಗುತ್ತದೆಂದೂ ಜನರಿರುವ ಒಂದು ಭಾಗ ಮಾತ್ರ ಮನೆ ಮುಟ್ಟುತ್ತದೆಂದೂ ಅವಳು ಹೇಳಿದಳು. ಗಾಳಿಯೊಳಗೆ ನುಗ್ಗುವಾಗ ಕಿಟಕಿಯ ಹೊರಗೆಲ್ಲ ಬೆಂಕಿ. ತಳದ ಕವಚ ತಾನು ಸುಟ್ಟು ಸವೆದು ಹೋಗುತ್ತಾ ಆ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಆ ಕೆಲವು ನಿಮಿಷ ಒಳಗಿನವರ ದನಿ ನೆಲಕ್ಕೆ ಕೇಳುವುದಿಲ್ಲ.

ಫೋನಿನಲ್ಲೂ ಮಾತು ನಿಂತಿತು. ಆಸ್ಪತ್ರೆಯಲ್ಲಿ ಅವಳ ಬಾಯಿಗೆ ನಳಿಗೆ ಹಾಕಿದ್ದ ಒಂಬತ್ತು ದಿನ ಮುಂಡಪ್ಪನಿಗೆ ನೆನಪಾಯಿತು. ಗಾಜಿನ ಆಚೆ ಅವಳು, ಈಚೆ ಅವನು. ಅವಳು ಇದ್ದಾಳೆಂದು ಯಂತ್ರವೊಂದೇ ಹೇಳುತ್ತಿತ್ತು.

“ಬಂತು!” ಪ್ರಣೀತಾ ಚಪ್ಪಾಳೆ ತಟ್ಟಿದಳು. ದೊಡ್ಡ ಪ್ಯಾರಾಚೂಟಿನ ಕೆಳಗೆ ಕರಕಲಾದ ಗಂಟೆಯಂಥದ್ದೊಂದು ತೂಗುತ್ತಿತ್ತು.

“ಕೂತು ಬರ್ತಾರಾ ಇವರು?” ಮುಂಡಪ್ಪ ಹೆಂಡತಿಯನ್ನು ಕೇಳಿದ.

“ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ. ನೆಲ ಇನ್ನೇನು ಮುಟ್ಟಿತು ಅನ್ನುವಾಗ ಸಣ್ಣ ಎಂಜಿನ್ ಸಿಡೀತದೆ, ಆದ್ರೂ ಪೆಟ್ಟು ಬೀಳ್ತದಲ್ಲ. ಅದಕ್ಕೆ ಒಬ್ಬೊಬ್ಬರಿಗೂ ಅವರವರ ಮೈಯ ಅಚ್ಚು ತೆಗೆದು ಸೀಟು. ನಿಮ್ಮದೇ ಕೆಲಸ. ಪ್ಲಾಸ್ಟರಿನಲ್ಲೇ.”

ಮುಂಡಪ್ಪ ಫೋನಿನ ಹತ್ತಿರ ಬಗ್ಗಿದ. “ಹೌದಾ? ಅಚ್ಚು ಯಾವಾಗ ತೆಗೆಯೂದು?”

“ಹೋಗುವ ಮೊದಲೇ. ಆದ್ರೆ ಮೇಲೆ ಇದ್ದು ಇದ್ದು ಬೆನ್ನು ಉದ್ದ ಆಗ್ತದಂತೆ, ಮೂರು ನಾಲ್ಕು ಸೆಂಟಿಮೀಟರ್. ಹೋದ ಅಳತೆಯಲ್ಲಿ ಯಾರೂ ವಾಪಸ್ ಬರೂದಿಲ್ಲ. ಅದಕ್ಕೆ ತಲೆ ಹತ್ರ ಜಾಗ ಬಿಟ್ಟಿರ್ತಾರೆ. ಬಿಡದೆ ಹೋದ್ರೆ…”

ಅವಳು ನಿಲ್ಲಿಸಿದಳು. ತುಟಿ ಬೆಳ್ಳಗಾಗಿತ್ತು. ಹಣೆಯಲ್ಲಿ ಬೆವರು.

ಅವಳನ್ನು ಎತ್ತಿ ಮಲಗಿಸಿ ರವಿಕೆ ಸರಿಸಿದಾಗ ಎಡ ಪಕ್ಕೆಲುಬಿನ ಕೆಳಗೆ ಅಂಗೈಯಗಲ ಕೆಂಪು ಕಟ್ಟಿತ್ತು. ಮುಂಡಪ್ಪ ಅದನ್ನೇ ನೋಡುತ್ತಾ ಕೂತ.

“ನಿನ್ನೆಯೇ ಹೇಳಬಾರದಿತ್ತಾ?”

“ನಿನ್ನೆ ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಲ್ಲ. ಆ ಮುಖ ನೋಡಿ ಬಾಯಿ ಬರಲಿಲ್ಲ.” ಮತ್ತೆ ಹೇಳಿದಳು: “ಇದು ನನಗೆ ಮಾಡಿದ್ದಲ್ಲ ಮಾರಾಯ್ರೆ. ರೈಲಿಗೆ ಓಡ್ತಿದ್ದವಳಿಗೆ. ಅವಳು ಬೇರೆ. ಅವಳು ಬಂದ್ರೆ ಇದರಲ್ಲಿ ಕೂರಿಸಿ.”

ಫೋನಿನಲ್ಲಿ ಹುಲ್ಲುಗಾವಲಿನ ನಡುವೆ ಜನ ಓಡಿ ಬಂದಿದ್ದರು. ಒಬ್ಬೊಬ್ಬರನ್ನೇ ಎಳೆದು ತೆಗೆದು, ನಾಲ್ಕು ಕೈ ಹಿಡಿದು ಹೊತ್ತು, ಆರಾಮಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದರು. ಒಬ್ಬ, ತನ್ನ ತಲೆಯೇ ಭಾರವಾಗಿ, ಅದನ್ನು ಕುರ್ಚಿಗೆ ಒರಗಿಸಿಕೊಂಡಿದ್ದ. ಎದ್ದು ನಿಲ್ಲು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಆ ದಿನ ಮುಂಡಪ್ಪ ಎಂಟು ಏಳರ ರೈಲನ್ನು ಬಿಟ್ಟ. ಮತ್ತೆ ಪ್ಲಾಸ್ಟರ್ ಪಟ್ಟಿ ನೆನೆಸಿದ.

“ಭುಜ ಬಿಡು,” ಎಂದ ಮಗಳಿಗೆ.

“ಪಪ್ಪಾ, ಗಿರ್ ಜಾಯೇಗಿ.”

“ಬೀಳೂದಿಲ್ಲ. ಎಲ್ಲಿಗೆ ವಾಲ್ತಾಳೋ ವಾಲಲಿ. ನಾನು ಹಿಡಿದಿದ್ದೇನೆ.”

ಶುಕ್ರವಾರ ಶೆಡ್ಡಿನಲ್ಲಿ ಅವನು ಮೂಳೆಯ ಗುರುತುಗಳ ಮೇಲೆ ಮೆತ್ತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಎಡಭುಜದ ಇಳಿಜಾರಿನ ಹತ್ತಿರ ಬಂದಾಗಲೆಲ್ಲ ಕೈ ಅರದ ಕಡೆ ಹೋಗುತ್ತಿತ್ತು. ಕೊನೆಗೆ ಅರವನ್ನೇ ದೇವದಾಸನ ಮೇಜಿಗೆ ದಾಟಿಸಿದ.

“ಎಂತ, ಇವತ್ತು ಸದ್ದೇ ಇಲ್ಲ? ಅರಕ್ಕೆ ರಜೆಯಾ?”

“ಬೇಕಾಗಿಲ್ಲ.”

ದೇವದಾಸ್ ಎದ್ದು ಬಂದು ಬಿಳಿ ಬೆನ್ನನ್ನು ಸುತ್ತಿ ನೋಡಿದ. ಶನಿವಾರ ಬಿಸಿ ಹಾಳೆಯ ಇನ್ನೊಂದು ತುದಿ ಹಿಡಿದವನು ಅವನೇ. ಬಲಗಡೆಗೆ ಮುಂಡಪ್ಪ ಸ್ಪಂಜನ್ನು ಪದರ ಪದರವಾಗಿ ಅಂಟಿಸಿದ. ಅವಳ ನಡುವಿಗೆ ಬಲ ಬಂದಂತೆ ಒಂದೊಂದು ಪದರ ಕಿತ್ತು ಎಡಕ್ಕೆ ಸೇರಿಸಿ ಮೈಯನ್ನು ಮೆಲ್ಲ ನೆಟ್ಟಗೆ ತರಬಹುದು. ಆರು ಪದರ. ಎಂದು ಕೀಳುವುದೋ, ಕೀಳುವುದೇ ಇಲ್ಲವೋ. ಮೊದಲಿನ ಕುರ್ಚಿಯನ್ನು ಒಡೆಯಲು ಮನಸ್ಸಾಗದೆ ಅಟ್ಟದ ಮೇಲಿಟ್ಟ.

ಭಾನುವಾರ ನಾಲ್ಕು ಗಂಟೆಗೆ ಹದಿನಾಲ್ಕು ಹೆಂಗಸರು ಬಂದರು. ಎರಡು ಕೋಣೆಯ ಮನೆಯಲ್ಲಿ ಚಪ್ಪಲಿಗೂ ಜಾಗವಿಲ್ಲ. ಮಂಚದ ಮೇಲೆ, ನೆಲದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂತು ಒಟ್ಟಿಗೇ ಮಾತಾಡಿದರು. ಯಾರೋ ಅವಳಿಗೆ ಹೂ ಮುಡಿಸಿದರು. ನಡುವೆ ಜಯಲತಾ ಕೂತಿದ್ದಳು, ಎಡಕ್ಕೆ ವಾಲಿಕೊಂಡು, ಕಿಟಕಿಗೆ ಒರಗಿ ಯಾರನ್ನೋ ಕಾಯುವವಳಂತೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಗಡಿಯಾರ ನೋಡುತ್ತಿದ್ದವನು ಮುಂಡಪ್ಪ ಒಬ್ಬನೇ. ಜಯಲತಾಳ ನಗು ಮೊದಲಿನದ್ದೇ. ಕಣ್ಣು ಮುಚ್ಚಿ ಕೇಳಿದರೆ ಅವಳೇ. ಅವನು ಒಂದೆರಡು ಸಲ ಕಣ್ಣು ಮುಚ್ಚಿಯೂ ನೋಡಿದ.

ಚಹಾದ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಾಗ ಸತ್ಯಭಾಮಾ ಅಡುಗೆಮನೆಗೆ ಬಂದಳು. ಧಾರವಾಡದವಳು, ಡಬ್ಬಿಯಲ್ಲಿ ಅಷ್ಟೂ ವರ್ಷ ಜಯಲತಾಳ ಪಕ್ಕದಲ್ಲಿ ಕೂತವಳು.

“ಅಣ್ಣಾರ, ಖರೇ ಹೇಳ್ರಿ. ಅಕಿ ಮುಂದ ಕೇಳೂದಿಲ್ಲ ನಾ. ನಮ್ಮ ಜಯಕ್ಕ ಮತ್ತ ಗಾಡಿಗೆ ಬರ್ತಾಳೋ ಇಲ್ಲೋ?”

ಮುಂಡಪ್ಪ ಲೋಟವೊಂದನ್ನು ಅತ್ತಿತ್ತ ಸರಿಸಿದ. “ಬಂದ ಕೂಡಲೇ ಯಾರೂ ನಡೆಯೂದಿಲ್ಲಮ್ಮ. ಮೇಲಿಂದ ಬಂದವರನ್ನು ಹೊತ್ತುಕೊಂಡೇ ಹೋಗಬೇಕು.”

“ಯಾರ್ರೀ ಮ್ಯಾಲಿಂದ ಬಂದವರು?”

“ಅವರಿಗೂ ಮೊದಲು ಕೂರಿಸ್ತಾರೆ. ಆಮೇಲೆ ನಿಧಾನಕ್ಕೆ…”

“ಕೇಳಿದ್ರಾ?” ಕುರ್ಚಿಯಿಂದ ಜಯಲತಾ ಗಂಡನನ್ನು ಕರೆದಳು.

ಒಳಗಿನ ಅಷ್ಟು ಗದ್ದಲದಲ್ಲಿ ಆ ಮೆಲುದನಿ ಬೇರೆ ಯಾರಿಗೂ ಕೇಳಿಸಿರಲಿಲ್ಲ. ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಇತ್ತು. ಮುಂಡಪ್ಪ ತಟ್ಟೆಯನ್ನು ಸತ್ಯಭಾಮಾಳ ಕೈಗಿಟ್ಟ.

“ನಿಧಾನಕ್ಕ ಅಂದ್ರ ಎಷ್ಟು ದಿನಾರೀ ಅಣ್ಣಾರ?” ಎಂದು ಅವಳು ಕೇಳುತ್ತಿರುವಾಗಲೇ ಅವನು ಹೆಂಗಸರ ನಡುವೆ ದಾರಿ ಮಾಡಿಕೊಂಡು, ಹೆಂಡತಿಯನ್ನು ಎತ್ತಲು ಅಂಗಿಯ ತೋಳು ಮಡಚುತ್ತಾ, ಕುರ್ಚಿಯ ಕಡೆಗೆ ನಡೆದಿದ್ದ.