ಅವರ ಬಳ್ಳಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಬಣ್ಣ ಹಚ್ಚಿದ ಹಸಿರಲ್ಲ. ಜೀವಮಾನವಿಡೀ ಎಲೆ ಚಿವುಟಿ, ಕಾಂಡ ಸೀಳಿ, ತೊಗಟೆ ಕೆರೆದು ಒಳಗೇ ಇಳಿದುಬಿಟ್ಟ ಹಸಿರು. ರೇಷನ್ ಅಂಗಡಿಯ ಮಷೀನು ಆ ಹೆಬ್ಬೆಟ್ಟನ್ನು ಎಂದೂ ಒಂದೇ ಸಲಕ್ಕೆ ಒಪ್ಪಿಕೊಳ್ಳಲಿಲ್ಲ. ಅಂಗಡಿಯವನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಸಾಕಾಗಿ, "ಆಯಿ, ನಿಮ್ಮ ಹೆಬ್ಬಟ್ಟಿನಾಗ ಗೆರೀನೇ ಇಲ್ರಿ" ಎಂದರೆ, "ಗೆರಿ ಎಲ್ಲಾ ಗಿಡಕ್ಕ ಹತ್ಯಾವ ತಮ್ಮಾ. ಬೇವಿನ ಗಿಡಾನೇ ಕರ್ಕೊಂಡು ಬರ್ತೇನಿ ತಡಿ, ಅದರ ಹೆಬ್ಬೆಟ್ಟ ಒತ್ತಿಸ್ಕೋ" ಎನ್ನುತ್ತಿದ್ದಳು. ಪಾಳಿಯಲ್ಲಿ ನಿಂತವರೆಲ್ಲ ನಗುತ್ತಿದ್ದರು. ಹೇಗೋ ಅಕ್ಕಿ ಸಿಗುತ್ತಿತ್ತು.

ಆಕೆ ನನಗೆ ಸಂಬಂಧಿಯಲ್ಲ. ಊರವರಿಗೆ ಆಯಿ, ಹೊರಗಿನವರಿಗೆ ಬೇರಿನ ಆಯಿ. ಆಳಂದದಿಂದ ಅಫಜಲಪುರದ ಕಡೆ ಹೋಗುವ ಬಸ್ಸಿನಲ್ಲಿ ಕೂತು, ಇನ್ನೇನು ಕಣ್ಣು ಮುಚ್ಚಿತು ಎನ್ನುವಷ್ಟರಲ್ಲಿ ಬರುವ ಊರು ಆಕೆಯದು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಮಾದನಹಿಪ್ಪರಗಾದಿಂದ ಮಗು ಎತ್ತಿಕೊಂಡು ಬರುವವರು, ಅತ್ತ ಜೇವರ್ಗಿ ಸೀಮೆಯ ಕೊಳಕೂರಿನಿಂದ ಮಂಡಿನೋವು ಹೊತ್ತು ಬರುವವರು, ಘತ್ತರಗಿಯಲ್ಲಿ ದೇವಿಗೆ ಕಾಯಿ ಒಡೆಸಿಕೊಂಡು ಬರುವ ದಾರಿಯಲ್ಲಿ "ಆಯಿಗೂ ಒಂದ್ ಮಾತ ಕೇಳಿ ಹೋಗೂನು" ಎಂದು ಇಳಿಯುವವರು. ಬಂದವರಲ್ಲಿ ಅರ್ಧ ಜನಕ್ಕೆ ಆಯಿ ಏನೂ ಕೊಡುತ್ತಿರಲಿಲ್ಲ. "ಇದು ನನ್ನ ಕೈಯಾಗಿಂದಲ್ಲ, ಮೊದಲ ದವಾಖಾನಿಗೆ ನಡಿ" ಎಂದು ಗದರಿಸಿ ಅದೇ ಬಸ್ಸಿಗೆ ಹತ್ತಿಸುತ್ತಿದ್ದಳು.

ನಾನು ಆಳಂದದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಕುಟ್ಟುವವಳು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಸತ್ತವರ ಶಿವಗಣಾರಾಧನೆಯ ಕಾರ್ಡು, ಎಲ್ಲ ನನ್ನ ಬೆರಳಿನ ಕೆಳಗೇ ಹಾದು ಹೋಗಬೇಕು. ಒಂದು ದಿನ ಮಠದ ಅಜ್ಜಾರು, ಅಂದರೆ ಅಲ್ಲಿನ ಸ್ವಾಮಿಗಳು, ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಹಳೆಯ ಕೈಬರಹದ ಪುಸ್ತಕ ಕಳಿಸಿದರು. ಯಾವ ಶತಮಾನದ್ದೋ ಅವರಿಗೂ ಖಾತ್ರಿಯಿಲ್ಲ. ಗಿಡಮೂಲಿಕೆಗಳ ಪುಸ್ತಕ, ಪೂರಾ ತ್ರಿಪದಿಯಲ್ಲಿದೆ. ಗಿಡ ಎಲ್ಲಿ ನಿಲ್ಲುತ್ತದೆ, ಎಲೆ ಹೇಗೆ, ಹೂ ಯಾವಾಗ, ಯಾವ ಬೇನೆಗೆ ಯಾವ ಭಾಗ, ಎಲ್ಲ ಮೂರೇ ಸಾಲಿನಲ್ಲಿ. ಒಂದು ಚಿತ್ರವೂ ಇಲ್ಲ. ಕಂಡದ್ದನ್ನು ಮಾತಿನಲ್ಲೇ ತೋರಿಸಬೇಕಾದ ಕಾಲವಲ್ಲವೇ ಅದು! ಇಲಿಯ ಕಿವಿಯಂಥ ಎಲೆ, ಹಾಲು ಕುಡಿದ ಕೂಸಿನ ತುಟಿಯಂಥ ಹೂ, ಎಮ್ಮೆ ಮೂಸಿ ಬಿಟ್ಟು ಹೋಗುವ ಸೊಪ್ಪು. ಕಂಪ್ಯೂಟರಿನ ಮುಂದೆ ಕೂತು ಕುಟ್ಟುತ್ತಿದ್ದರೆ ಪ್ರೆಸ್ಸಿನ ಮಸಿವಾಸನೆ ಹಿಂದೆ ಸರಿದು ನನ್ನ ಕಾಲಿಗೆ ಕರಿಮಣ್ಣು ಹತ್ತಿದಂತಾಗುತ್ತಿತ್ತು.

ಆದರೆ ನಡುನಡುವೆ ಹಾಳೆಗಳೇ ಇರಲಿಲ್ಲ, ಹುಳ ತಿಂದು ಹಾಕಿತ್ತು. ಅಜ್ಜಾರು ಹೇಳಿದರು: "ಬೇರಿನ ಆಯಿಯ ಅಪ್ಪ ಇದೇ ಮಠದಾಗ ಕುಂತು ಇದನ್ನ ಓದತಿದ್ದ. ಆಕಿಗೆ ಬಾಯಿಪಾಠ ಅದ. ಹೋಗಿ ಕೇಳ್ಕೊಂಡು ಬಾರವ್ವಾ."

ಹೀಗೆ ನನ್ನ ರಜೆಯ ಐತವಾರಗಳು ಆಯಿಯ ಪಾಲಾದವು. ಆಕೆಯ ಅಂಗಳದಲ್ಲಿ ಒಂದು ದೊಡ್ಡ ಬೇವು. ಅದರ ಮೈತುಂಬ ಅಮೃತಬಳ್ಳಿ ಹಬ್ಬಿ, ಮೇಲಿನಿಂದ ದಾರದಂಥ ಬೇರುಗಳನ್ನು ಇಳಿಬಿಟ್ಟಿತ್ತು. ಗಾಳಿ ಬಂದರೆ ಆ ದಾರಗಳು ನಮ್ಮ ತಲೆಯನ್ನು ಸವರುತ್ತಿದ್ದವು. ಆಯಿ ಗೋಡೆಗೆ ಒರಗಿ, ಕಾಲು ಚಾಚಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ಬಸಿಯಲ್ಲಿ ಸುರಿದು ಕುಡಿದು, ಕಣ್ಣು ಮುಚ್ಚಿ ಶುರು ಮಾಡುವಳು. ಹಾಡೂ ಅಲ್ಲ, ಓದೂ ಅಲ್ಲ, ತೊಟ್ಟಿಲು ತೂಗುವಾಗಿನ ಧಾಟಿ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಟ್ಟು ನಾನೂ ಕಣ್ಣು ಮುಚ್ಚುತ್ತಿದ್ದೆ. ತುಂಬೆ ಬಂತು, ಉತ್ತರಾಣಿ ಬಂತು, ನೆಲನೆಲ್ಲಿ ಬಂತು. ಯಾವುದು ಎಚ್ಚರದಲ್ಲಿ ಕೇಳಿದ್ದು, ಯಾವುದು ಜೊಂಪಿನಲ್ಲಿ ಕಂಡದ್ದು, ನನಗೆ ಇವತ್ತಿಗೂ ಬೇರೆ ಮಾಡಲು ಬರುವುದಿಲ್ಲ. ಗಿಡಗಳೇ ಒಂದೊಂದಾಗಿ ಅಂಗಳಕ್ಕೆ ಬಂದು, ತಮ್ಮ ಪದ ಹೇಳಿಸಿಕೊಂಡು, ಎದ್ದು ಹೋಗುತ್ತಿದ್ದ ಹಾಗೆ ನೆನಪು. ಎಚ್ಚರಾದಾಗ ಆಯಿ ನನ್ನನ್ನೇ ನೋಡುತ್ತಿರುತ್ತಿದ್ದಳು. "ಬರ್ಕೊಳ್ಳಾಕ ಬಂದೀಯೋ ಮಕ್ಕೊಳ್ಳಾಕ ಬಂದೀಯೋ ಬೇ?"

ಗಿಡಕ್ಕೆ ಕೈ ಹಚ್ಚುವ ಮೊದಲು ಆಕೆ ಅದರ ಅಪ್ಪಣೆ ಕೇಳುತ್ತಿದ್ದಳು. "ಯವ್ವಾ, ಒಂದು ಕೂಸಿನ ಸಲುವಾಗಿ ಒಂದೀಟ ತಗೊಂತೇನಿ, ಸಿಟ್ಟಾಗಬ್ಯಾಡ." ತನ್ನ ನೆರಳು ಗಿಡದ ಮೇಲೆ ಬೀಳದಂತೆ ಸುತ್ತು ಹಾಕಿ ಹೋಗಿ ನಿಲ್ಲುವಳು. ಅದೇ ಬಾಯಿಯಿಂದ ಗಂಡನನ್ನು ಮಾತ್ರ ಮನಸಾರೆ ಬೈಯುವಳು. ಮದುವೆಯಾದ ಹೊಸತರಲ್ಲೇ ಸೊಲ್ಲಾಪುರದ ಮಿಲ್ಲಿಗೆಂದು ಹೋದ ಮನುಷ್ಯ, ಒಂದೆರಡು ಪಂಚಮಿಗೆ ಬಂದು ಆಮೇಲೆ ಬರಲೇ ಇಲ್ಲ. ಅಲ್ಲೇ ಒಬ್ಬಳನ್ನು ಮಾಡಿಕೊಂಡಿದ್ದಾನೆ ಎಂದು ಊರೆಲ್ಲ ಗೊತ್ತು. "ಆ ಹಾಳಾದ ಕ್ವಾಣ", "ಆ ದಗಾಕೋರ", "ನನ್ನ ಹಣಿಬರಕ್ಕ ಗಂಟುಬಿದ್ದಾಂವ", ಆಯಿಯ ಬೈಗುಳದಲ್ಲಿ ಗಂಡನಿಗೆ ನೂರು ಹೆಸರು. ಇಷ್ಟೆಲ್ಲ ಆದರೂ ಹಣೆಯಲ್ಲಿ ವಿಭೂತಿಯ ಕೆಳಗೆ ಕುಂಕುಮ ಮಾತ್ರ ಒಂದು ದಿನ ತಪ್ಪಿದ್ದಿಲ್ಲ.

ಜ್ವರದ ಪದ ಬಂದದ್ದು ಅಂಥ ಒಂದು ಐತವಾರ. ಮನೆಗೆ ಬಂದು, ಮೊಬೈಲಿಗೆ ಕಿವಿಯಿಟ್ಟು, ಕೇಳಿದ ಹಾಗೇ ಕುಟ್ಟಿದೆ:

ಬೇರ ಕಿತ್ತರೆ ಬಾಡದು, ನೀರ ತೊರೆದರೆ ಸಾಯದು
ಊರ ಬೇವಿನ ಅವರೆಬಳ್ಳಿ, ಕುಡಿದರೆ
ಮಾರಿ ಜ್ವರವೆಲ್ಲ ಮೈಬಿಡುವುದು

ಅವರೆಬಳ್ಳಿ! ಅವರೆಕಾಯಿ ಪಲ್ಯ ಉಂಡು ಬೆಳೆದವಳು ನಾನು. ಬೇವಿನ ಮೇಲೆ ಅವರೆ ಹಬ್ಬಿಸುವ ರೈತನನ್ನು ಎಲ್ಲೂ ಕಂಡಿರಲಿಲ್ಲ. ಆದರೂ ಹಳೆಯ ಕಾಲ, ಏನೋ ಇದ್ದೀತು ಎಂದುಕೊಂಡೆ. ಮುಂದಿನ ವಾರ ಪ್ರೂಫ್ ತೆಗೆದುಕೊಂಡು ಹೋಗಿ ಆಯಿಗೆ ಓದಿ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು.

"ಅವರಿಕಾಯಿ ಪಲ್ಯ ಉಂಡು ಜ್ವರ ಬಿಡಸ್ತಾಳಂತ, ನೋಡ್ರೆವಾ! ಅವರಿ ಅಲ್ಲಬೇ, ಅವರ. ಅವರ ಬಳ್ಳಿ!"

"ಯಾರ ಬಳ್ಳಿರಿ ಆಯಿ?"

ಆಯಿ ಬಾಗಿಲ ಪಕ್ಕದ ಮೊಳೆಯ ಕಡೆ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಒಂದು ತುಂಡು ಬಳ್ಳಿ ದಾರ ಕಟ್ಟಿ ತೂಗಿಬಿಟ್ಟಿತ್ತು. ಮಣ್ಣಿಲ್ಲ, ನೀರಿಲ್ಲ, ಆದರೂ ತುದಿಯಲ್ಲಿ ಒಂದು ಎಳೆ ಎಲೆ ಬಿಟ್ಟಿತ್ತು.

"ಅಯ್ಯ, ಇದು ಅಮೃತ..." ಎಂದೆ. ಅಷ್ಟರಲ್ಲಿ ಆ ಹಸಿರು ಹೆಬ್ಬೆರಳು ನನ್ನ ತುಟಿಯ ಮೇಲಿತ್ತು. ಬೇವಿಗಿಂತ ಕಹಿ ವಾಸನೆ. ಆಯಿ ಬಾಗಿಲ ಕಡೆಗೊಮ್ಮೆ, ಬೀದಿಯ ಕಡೆಗೊಮ್ಮೆ ನೋಡಿದಳು. ಆ ಮುಖದಲ್ಲಿ ಒಂದು ಕ್ಷಣ ಮೊನ್ನೆ ಮೊನ್ನೆ ಮದುವೆಯಾದ ಹುಡುಗಿ ಬಂದು ಹೋದಳು.

ನನಗೆ ಆಗ ತಿಳಿಯಿತು. ಗಂಡನ ಹೆಸರೂ ಬಳ್ಳಿಯ ಹೆಸರೂ ಒಂದೇ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು. ಒಡಪಿನಲ್ಲಿ, ಪ್ರಾಸದ ಮಾತಿನೊಳಗೆ ಹೆಣೆದು, ಹೇಳುವ ರಿವಾಜು ಇದೆ, ಆದರೆ ಲಗ್ನದ ಮನೆಗಳಲ್ಲಿ ಒಡಪಿನ ಪಾಳಿ ಬಂತೆಂದರೆ ಆಯಿ ಚಹಾದ ನೆಪ ಹೇಳಿ ಎದ್ದು ಹೋಗುತ್ತಿದ್ದಳಂತೆ. ಅಪ್ಪ ಕಲಿಸಿದ ಪದದಲ್ಲೂ ಆಕೆ ಅಮೃತ ತೆಗೆದು ಅವರ ಎಂದು ಇಟ್ಟಿದ್ದಳು. ಅಳತೆಯಲ್ಲಿ ಒಂದು ಮಾತ್ರೆಯೂ ತಪ್ಪಿರಲಿಲ್ಲ.

"ಅಲ್ಲ ಆಯಿ, ದಿನಾ ಮುಂಜಾನಿಂದ ಸಂಜಿತನಕ ಬೈತೀರಿ. ಒಂದ್ ಹೆಸರ ತಗೊಂಡ್ರ ಏನಾಗ್ತದ್ರಿ?"

"ಬೈಯಾಕ ಹೆಸರ್ಯಾಕ ಬೇಕಬೇ?" ಎಂದಳು. ಬಳ್ಳಿಯ ದಾರ ಬೆರಳಿಗೆ ಸುತ್ತುತ್ತ, ಸಣ್ಣ ದನಿಯಲ್ಲಿ ಮುಂದುವರಿಸಿದಳು. "ಹೆಸರ ತಗೊಂಡ್ರ ಗಂಡನ ಆಯುಷ್ಯ ಕಮ್ಮಿ ಆಗ್ತದಂತ ನಮ್ಮವ್ವ ಹೇಳ್ಯಾಳ. ಖರೆನೋ ಸುಳ್ಳೋ ಯಾಂವ ಕಂಡಾನ. ನನ್ನ ಬಾಯಿಂದ ಯಾಕ ಆಗಬೇಕು? ನನ್ನ ಕೂಡ ಬಾಳ್ವಿ ಮಾಡಲಿಲ್ಲ, ಬ್ಯಾಡ. ಎಲ್ಲೆರ ಒಂದ್ ಕಡೆ ಉಣ್ಕೋತ ಇರ್ಲಿ."

ಬಿಟ್ಟು ಹೋದವನ ಜೀವವನ್ನು ಇಷ್ಟು ವರ್ಷ ನಾಲಿಗೆಯ ಮೇಲೆ ಕಾಯ್ದುಕೊಂಡು ಬಂದಿದ್ದಳು, ಪುಣ್ಯಾತ್ಗಿತ್ತಿ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಂಥವನಿಗೆ ಇಂಥ ಕಾವಲು ಯಾಕೆ ಎಂದು ಬಸ್ಸಿನಲ್ಲಿ ಕೂತು ನನ್ನಷ್ಟಕ್ಕೆ ಜಗಳವಾಡಿದೆ. ಪದದಲ್ಲಿ ಮಾತ್ರ "ಅವರ ಬಳ್ಳಿ" ಎಂದು ತಿದ್ದಿ, ಹಾಗೇ ಬಿಟ್ಟೆ.

ಅದಾದ ಮೇಲೆ ಆ ಹಳೆಯ ಪುಸ್ತಕವೇ ನನಗೆ ಬೇರೆಯಾಗಿ ಕಾಣತೊಡಗಿತು. ಅದರಲ್ಲಿ ಯಾರಿಗೂ ಗುರುತು ಸಿಗದ ಗಿಡಗಳಿದ್ದವು. "ಹಿರಿಯರ ಬೇರು" ಎಂದು ಒಂದು ಕಡೆ, "ಹೇಳಬಾರದ ಸೊಪ್ಪು" ಎಂದು ಇನ್ನೊಂದು ಕಡೆ, "ಭಾವನ ಚಿಗುರು" ಎಂದು ಮತ್ತೊಂದು ಕಡೆ. ಅವು ಸಾಧಕರ ಗುಪ್ತನಾಮಗಳಿರಬೇಕು ಎಂದು ಅಜ್ಜಾರು ಭಕ್ತಿಯಿಂದ ಹೇಳುತ್ತಿದ್ದರು. ಇರಬಹುದು. ಆದರೆ ಬರೆದವನು ಗಂಡಸಾದರೂ, ಒಲೆಯ ಮುಂದೆ ಕೂತು ಅವನಿಗೆ ಹೇಳಿಕೊಟ್ಟವಳು ಹೆಂಗಸಿದ್ದರೆ? ಆಯಿಗೆ ಇದನ್ನು ಹೇಳಿದೆ. ಆಕೆ ಆ ಹೆಸರುಗಳನ್ನು ಒಂದೊಂದಾಗಿ ಮತ್ತೆ ಹೇಳಿಸಿ ಕೇಳಿದಳು.

"ಯಾರಿಗೊತ್ತವಾ. ಯಾರ ಮಾವನೋ, ಯಾರ ಗಂಡನೋ. ಪಾಪ, ಬಳ್ಳ್ಯಾಗ ಬೇರಿನಾಗ ಮುಚ್ಚಿಟ್ಟು ಹೋಗ್ಯಾರ."

ಆ ಮಧ್ಯಾಹ್ನ ಆಕೆ ಪದ ಹೇಳಲಿಲ್ಲ. ಇಬ್ಬರೂ ಬೇವಿನ ಕೆಳಗೆ ಹಾಗೇ ಕೂತೆವು. ಎಂದೋ ಬದುಕಿದ್ದ ಆ ಹೆಂಗಸರು ಸೆರಗು ಹೊದ್ದು ನಮ್ಮ ಸುತ್ತ ಕೂತಿದ್ದಾರೆ, ಯಾರೂ ಯಾರ ಹೆಸರನ್ನೂ ಹೇಳುತ್ತಿಲ್ಲ ಎನ್ನಿಸುತ್ತಿತ್ತು ನನಗೆ. ಬಸ್ಸು ಹಾರ್ನ್ ಹಾಕಿದಾಗಲೇ ಎದ್ದದ್ದು.

ಪುಸ್ತಕ ಮುಗಿಯುತ್ತ ಬಂದಿತ್ತು. ಸುಗ್ಗಿ ಮುಗಿದು ಬಿಸಿಲು ಏರುತ್ತಿದ್ದ ಒಂದು ಐತವಾರ ಹೋದಾಗ, ಓಣಿಯ ಒಬ್ಬ ಹೆಣ್ಣುಮಗಳು ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಆಯಿ ಕೂಸಿನ ಹಣೆ ಮುಟ್ಟಿ, ನಾಲಿಗೆ ನೋಡಿ, ಬಳ್ಳಿಯ ಒಂದು ತುಂಡು ಮುರಿದು ಕೊಟ್ಟಳು. "ತಗೋ, ಅಮೃತಬಳ್ಳಿ. ಜಜ್ಜಿ, ಚಂದಂಗ ಕುದಿಸಿ, ಒಂದ್ ಚಮಚ ಕುಡಸು. ನಾಳಿಗೆ ಇಳೀಲಿಲ್ಲಂದ್ರ ಆಳಂದಕ್ಕ ಒಯ್ಯಿ."

ಆ ಹೆಣ್ಣುಮಗಳಿಗೆ ಏನೂ ಅನ್ನಿಸಲಿಲ್ಲ. ಬಳ್ಳಿ ಸೆರಗಿಗೆ ಕಟ್ಟಿಕೊಂಡು ಹೋದಳು. ನಾನು ನಿಂತಲ್ಲೇ ನಿಂತಿದ್ದೆ.

"ಆಯಿ..."

"ಕುಂದರಬೇ. ಚಹಾ ಇಡ್ತೇನಿ."

ಚಹಾ ಇಟ್ಟಳು. ಬಸಿಗೆ ಸುರಿದಳು. "ಸೊಲ್ಲಾಪುರದಿಂದ ಒಬ್ಬಾಂವ ಬಂದಿದ್ದ" ಎಂದಳು. "ನಡುವಯಸ್ಸಿನಾಂವ. ಮೂಗು ಥೇಟ್ ಅವರದೇ. ಬಾಗಿಲದಾಗ ನಿಂತಾಗ ಅವರೇ ಬಂದ್ರೇನೋ ಅಂತ ಎದ್ದ ನಿಂತೆ ನೋಡು, ಹುಚ್ಚಿ! ಅಪ್ಪಗ ಮಣ್ಣು ಕೊಟ್ಟು ಬಂದೀನ್ರಿ ಅಂದ. ಕಡೀಕ ಕಡೀಕ ನಿಮ್ಮ ಹೆಸರ ತಗೀತಿದ್ದ, ಅದಕ್ಕ ಹುಡುಕ್ಕೊಂಡು ಬಂದೆ ಅಂದ. ರೊಟ್ಟಿ ಕೊಟ್ಟೆ. ಉಂಡು ಹೋದ."

ನಾನು ಬಸಿ ಕೆಳಗಿಟ್ಟೆ.

"ಇನ್ನ ಹೆಸರ ತಗೊಂಡ್ರ ಏನ ಕಮ್ಮಿ ಆಗೂದದ?" ಎಂದು ಬಸಿಯೊಳಗೆ ನೋಡುತ್ತ ಹೇಳಿದಳು. "ಅವರು ನನ್ನ ಹೆಸರ ತಗೊಂಡ್ರಂತ. ನಾನೂ ತಗೊಂಡೆ. ಅಷ್ಟ."

ಆಮೇಲೆ ಕಣ್ಣು ಮುಚ್ಚಿ, ಅದೇ ತೊಟ್ಟಿಲ ಧಾಟಿಯಲ್ಲಿ, ಅಪ್ಪ ಕಲಿಸಿದ್ದ ಹಾಗೆ ಪೂರಾ ಪದ ಹೇಳಿದಳು. ಊರ ಬೇವಿನ ಅಮೃತಬಳ್ಳಿ. ಆ ಒಂದು ಮಾತಿನ ಹತ್ತಿರ ದನಿ ತುಸು ಎಳೆಯಿತು, ಮುಂದಿನ ಸಾಲಿಗೆ ಹೋಗಲು ಮನಸ್ಸಿಲ್ಲದವಳ ಹಾಗೆ. ನನ್ನ ಮೊಬೈಲು ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

"ಊರ ಮಂದಿಗೆ ಹೇಳಬ್ಯಾಡ" ಎಂದಳು ನಾನು ಹೊರಡುವಾಗ. "ಎಲ್ಲಾರೂ ಬಂದು ಕುಂತು ಅಳ್ತಾರ. ಅವರ ಕೂಡ ನಾನೂ ಅಳಬೇಕಾಗ್ತದ. ನನಗೆಲ್ಲಿ ಹೊತ್ತದ?" ಹಣೆಯ ಕುಂಕುಮ ಹಾಗೇ ಇತ್ತು.

ಮುಂಗಾರು ಬಿದ್ದು ಬೇವಿನ ಕೆಳಗೆಲ್ಲ ಎಳೆ ಸೊಪ್ಪು ಎದ್ದ ವಾರ ಆಯಿ ಹೋದಳು. ಮಧ್ಯಾಹ್ನ ಅಂಗಳದಲ್ಲಿ ಒರಗಿದವಳು ಏಳಲಿಲ್ಲ ಎಂದು ಓಣಿಯವರು ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಹಣೆತುಂಬ ಕುಂಕುಮ ಹಚ್ಚಿ ಗೋಡೆಗೆ ಕೂರಿಸಿದ್ದರು. ಉಡಿ ತುಂಬಲು ಹೆಂಗಸರು ಸಾಲುಗಟ್ಟಿದ್ದರು. "ಮುತ್ತೈದಿ ಸಾವು, ಎಷ್ಟ್ ಪುಣ್ಯ ಮಾಡಿದ್ಲೋ!" ಎಂದು ಒಬ್ಬರು. "ಗಂಡ ಎಲ್ಲೇ ಇರ್ಲಿ, ಅಂವನ ಆಯುಷ್ಯ ಗಟ್ಟಿ ನೋಡ್ರಿ" ಎಂದು ಇನ್ನೊಬ್ಬರು. ನನ್ನ ಪಾಳಿ ಬಂದಾಗ ನಾನೂ ಉಡಿ ತುಂಬಿದೆ, ಬಾಯಿ ಬಿಡಲಿಲ್ಲ. ಮಡಿಲ ಮೇಲಿಟ್ಟಿದ್ದ ಕೈಯಲ್ಲಿ ಆ ಉಗುರು ಇನ್ನೂ ಹಸಿರಾಗಿಯೇ ಇತ್ತು. ಅದನ್ನು ನೋಡಿದಾಗ ಮಾತ್ರ ತಡೆಯಲಾಗದೆ ಜೋರಾಗಿ ಅತ್ತುಬಿಟ್ಟೆ.

ಪುಸ್ತಕ ಅಚ್ಚಾಯಿತು. ಜ್ವರದ ಪದವನ್ನು ಆಕೆ ಕೊನೆಯ ಸಲ ಹೇಳಿದ ಹಾಗೇ ಹಾಕಿದ್ದೇನೆ. ಮೊದಲ ಪುಟದಲ್ಲಿ "ಬೇರಿನ ಆಯಿ ಹೇಳಿದಂತೆ" ಎಂದಿದೆ, ಅಷ್ಟೇ. ಬಾಗಿಲ ಪಕ್ಕದ ಮೊಳೆಯ ಬಳ್ಳಿ ಈಗ ಪ್ರೆಸ್ಸಿನಲ್ಲಿ ನನ್ನ ಕಂಪ್ಯೂಟರಿನ ಮೇಲೆ ತೂಗುತ್ತಿದೆ. ಬಂದವರು ಇದೇನು ಎಂದು ಕೇಳಿದರೆ ಬಳ್ಳಿಯ ಹೆಸರು ಹೇಳುತ್ತೇನೆ. ಕೊಟ್ಟವರು ಯಾರು ಎಂದರೆ "ಅವರು" ಎನ್ನುತ್ತೇನೆ.

ಇಷ್ಟೆಲ್ಲ ಬರೆದೆ, ಆಯಿಯ ಹೆಸರು ಮಾತ್ರ ಎಲ್ಲೂ ಬರೆಯಲಿಲ್ಲ. ಆಕೆಯ ಮಣ್ಣಿಗೆ ಹೋಗಿ ಬಂದವಳು ನಾನೇ, ಆಕೆ ಇಲ್ಲವೆಂದು ನನಗೆ ಗೊತ್ತಿಲ್ಲವೇ? ಆದರೂ ನನ್ನ ಕೈಯಿಂದ ಯಾಕೆ ಆಗಬೇಕು. ಎಲ್ಲಾದರೂ ಒಂದು ಕಡೆ ಬಸಿಯಲ್ಲಿ ಚಹಾ ಕುಡಿಯುತ್ತ ಇರಲಿ.